ಲಿನಕ್ಸ್ ಕರ್ನಲ್ ಓದಲು ಸಿ-ಸ್ಕೋಪ್ ಸಾಕೇ, ಕ್ಲ್ಯಾಂಗ್-ಡಿ ಬೇಕೇ?

ಕರ್ನಲ್_ಓದುಗ
ಎರಡು ತಿಂಗಳಿಂದ ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಫೈಲ್ ಸಿಸ್ಟಂ ಭಾಗವನ್ನು ಓದುತ್ತಿದ್ದೇನೆ. ಕೋಡಿನ ಪಠ್ಯದಲ್ಲಿ ಹೆಸರುಗಳನ್ನು ಹುಡುಕಿಕೊಡುವ ಸಿ-ಸ್ಕೋಪ್ ಸಾಧನಕ್ಕಾಗಿ 'ಮೇಕ್ ಸಿಸ್ಕೋಪ್' ಆಜ್ಞೆ ಕೊಟ್ಟು ಇಂಡೆಕ್ಸ್ (ಹೆಸರುಗಳ ಸೂಚಿ) ಮಾಡಿಕೊಂಡಿದ್ದೇನೆ. ಬಹುಪಾಲು ಕೆಲಸ ನಡೆಯುತ್ತದೆ, ಆದರೆ ಎರಡು ಕಡೆ ದಾರಿ ತಪ್ಪುತ್ತದೆ. ಸಿಸ್_ರೀಡ್ ಎಂಬ ಫಂಕ್ಷನ್‌ನ ವ್ಯಾಖ್ಯೆ ಎಲ್ಲಿದೆ ಎಂದು ಕೇಳಿದರೆ ಸಿಗುವುದಿಲ್ಲ. ವಿಎಫ್ಎಸ್_ರೀಡ್ ಒಳಗೆ ಹೋದರೆ ಅಲ್ಲಿಂದ ಮುಂದಿನ ಕರೆ ಒಂದು ಫಂಕ್ಷನ್ ಪಾಯಿಂಟರ್ (ಫಂಕ್ಷನ್‌ನ ವಿಳಾಸ ಇಟ್ಟುಕೊಂಡ ವೇರಿಯಬಲ್) ಮೂಲಕ ಸಾಗುತ್ತದೆ, ಅದರಾಚೆ ಏನಿದೆ ಎಂದು ಸಾಧನ ಹೇಳುವುದಿಲ್ಲ. ಹಾಗಾಗಿ ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸಿ ನನ್ನದೇ ಒಂದು ಚಿಕ್ಕ ಸಾಧನ ಬರೆಯಲು ತೊಡಗಿದ್ದೇನೆ. ಅದರ ಮಾಹಿತಿಗೆ ಪಠ್ಯ ನೋಡಿ ವ್ಯಾಖ್ಯೆಗಳನ್ನು ಪಟ್ಟಿ ಮಾಡುವ ಸಿ-ಟ್ಯಾಗ್ಸ್ ಆಧಾರವಾಗಿರಬೇಕೇ ಅಥವಾ ಕ್ಲ್ಯಾಂಗ್ ಕಂಪೈಲರ್ (ಕ್ಲ್ಯಾಂಗ್-ಡಿ ಅದನ್ನೇ ಬಳಸುವ ಸಾಧನ) ಆಧಾರವಾಗಿರಬೇಕೇ ಎಂಬುದೇ ನನ್ನ ಪ್ರಶ್ನೆ.

ತುಂಗಾತೀರ
ಮೊದಲ ತೊಂದರೆಗೆ ಕಾರಣ ಸರಳವಾಗಿದೆ. ಕರ್ನಲ್‌ನಲ್ಲಿ ಆ ಫಂಕ್ಷನ್ ಅದೇ ಹೆಸರಿನಲ್ಲಿ ಎಲ್ಲಿಯೂ ಬರೆದಿಲ್ಲ. ಸಿಸ್ಕಾಲ್_ಡಿಫೈನ್3 ಎಂಬ ಮ್ಯಾಕ್ರೋಗೆ (ಕಂಪೈಲ್‌ಗೆ ಮುನ್ನ ಬೇರೆ ಕೋಡಾಗಿ ಬಿಡಿಸಿಕೊಳ್ಳುವ ಹೆಸರಿಗೆ) 'ರೀಡ್' ಎಂಬ ಪದ ಕೊಟ್ಟಿದ್ದಾರೆ, ಪೂರ್ಣ ಹೆಸರನ್ನು ಜೋಡಿಸುವುದು ಆ ಮ್ಯಾಕ್ರೋ. ನೀವು ಸಿ-ಟ್ಯಾಗ್ಸ್ ಪಟ್ಟಿ ಮಾಡುವ 'ಮೇಕ್ ಟ್ಯಾಗ್ಸ್' ಆಜ್ಞೆ ಕೊಟ್ಟಿದ್ದರೆ ಅದು ಸಿಗುತ್ತಿತ್ತು, ಏಕೆಂದರೆ ಕರ್ನಲ್‌ನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರುವ ಟ್ಯಾಗ್ಸ್ ಸ್ಕ್ರಿಪ್ಟಿನಲ್ಲಿ ಈ ಮ್ಯಾಕ್ರೋ ಕಂಡರೆ ಯಾವ ಹೆಸರು ದಾಖಲಿಸಬೇಕು ಎಂಬ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯ ಹುಡುಕುವ ಮಾದರಿ) ಅನ್ನು ಕೈಯಾರೆ ಬರೆದಿಟ್ಟಿದ್ದಾರೆ. ಸಿ-ಸ್ಕೋಪ್‌ಗೆ ಹಾಗೆ ಕಲಿಸುವ ದಾರಿಯಿಲ್ಲ.

ಆದರೂ ಸಿ-ಸ್ಕೋಪ್ ಅನ್ನು ಹಳೆಯದೆಂದು ಬದಿಗಿಡಬೇಡಿ. ಪಿಡಿಪಿ-11 ಯಂತ್ರಗಳ ಕಾಲದಲ್ಲಿ ಬೆಲ್ ಲ್ಯಾಬ್ಸ್‌ನ ಜೋ ಸ್ಟೆಫೆನ್ ಬರೆದ ಈ ಸಾಧನ 2000ದಲ್ಲಿ ಮುಕ್ತ ತಂತ್ರಾಂಶವಾಯಿತು, ಇಂದಿಗೂ ಕೆಲಸ ಮಾಡುತ್ತಿದೆ. ಕೋಡ್ ಕಂಪೈಲ್ ಆಗದಿದ್ದರೂ, ಅರ್ಧ ತಿದ್ದಿದ ಸ್ಥಿತಿಯಲ್ಲಿದ್ದರೂ ಅದು ಓದುತ್ತದೆ. ಈ ಫಂಕ್ಷನ್ ಅನ್ನು ಯಾರು ಕರೆಯುತ್ತಾರೆ ಎಂಬ ಪ್ರಶ್ನೆಗೆ ಕೆಲವೇ ಕ್ಷಣಗಳಲ್ಲಿ ಉತ್ತರ ಕೊಡುತ್ತದೆ.

ಚಾಲಕ_ಬರಹ
ತುಂಗಾತೀರ ಸರ್, ಕೇವಲ ಪಠ್ಯ ನೋಡಿ ಹೇಳುವ ಸಾಧನ ತಪ್ಪು ದಾರಿಗೆ ಎಳೆಯುವುದನ್ನು ನಾನು ಸ್ವತಃ ಅನುಭವಿಸಿದ್ದೇನೆ. ಒಂದು ಡ್ರೈವರ್‌ನ ದೋಷ ಹುಡುಕುವಾಗ ಸಿ-ಟ್ಯಾಗ್ಸ್ ತೋರಿಸಿದ ವ್ಯಾಖ್ಯೆಗೆ ಹೋಗಿ ಇಡೀ ಮಧ್ಯಾಹ್ನ ಅದರ ಒಂದೊಂದು ಸಾಲನ್ನೂ ಓದಿದೆ. ಸಂಜೆಗೆ ಗೊತ್ತಾಯಿತು, ಅದೇ ಹೆಸರಿನ ಇನ್ನೊಂದು ವ್ಯಾಖ್ಯೆ ಹೆಡರ್ ಫೈಲಿನಲ್ಲಿ ಇತ್ತು: ಸೊನ್ನೆಯನ್ನು ಹಿಂದಿರುಗಿಸುವುದಷ್ಟೇ ಅದರ ಕೆಲಸ. ನಮ್ಮ ಕಾನ್ಫಿಗರೇಶನ್‌ನಲ್ಲಿ ಆ ಸೌಲಭ್ಯವನ್ನು ಆಫ್ ಮಾಡಿದ್ದರಿಂದ ಬೋರ್ಡ್‌ನಲ್ಲಿ ಓಡುತ್ತಿದ್ದದ್ದು ಆ ಖಾಲಿ ಫಂಕ್ಷನ್. ನಾನು ಓದಿದ ಮುನ್ನೂರು ಸಾಲುಗಳು ಕಂಪೈಲೇ ಆಗಿರಲಿಲ್ಲ. ಇಫ್‌ಡೆಫ್‌ನ (ಷರತ್ತಿಗೆ ತಕ್ಕಂತೆ ಕೋಡನ್ನು ಸೇರಿಸುವ ಅಥವಾ ಬಿಡುವ ಸೂಚನೆಯ) ಎರಡು ಬದಿಗಳಲ್ಲಿ ಒಂದೇ ಹೆಸರನ್ನು ಇಡುವುದು ಕರ್ನಲ್‌ನಲ್ಲಿ ಎಲ್ಲೆಡೆ ಇರುವ ರೂಢಿ, ಹಾಗಾಗಿ ಇದನ್ನು ಅಪರೂಪದ ಘಟನೆ ಎನ್ನಲಾಗದು.

ಕ್ಲ್ಯಾಂಗ್-ಡಿ ಇಂಥ ತಪ್ಪು ಮಾಡುವುದಿಲ್ಲ. ಪ್ರತಿ ಫೈಲನ್ನೂ ಯಾವ ಫ್ಲ್ಯಾಗ್‌ಗಳೊಂದಿಗೆ ಕಂಪೈಲ್ ಮಾಡಲಾಯಿತು ಎಂಬುದನ್ನು ಕಂಪೈಲ್ ಕಮ್ಯಾಂಡ್ಸ್ ಜೇಸನ್ ಫೈಲಿನಿಂದ ತಿಳಿದುಕೊಂಡು, ಕಂಪೈಲರ್ ನೋಡಿದ ಹಾಗೆಯೇ ನೋಡುತ್ತದೆ. ಆ ಫೈಲನ್ನು ತಯಾರಿಸುವ ಪೈಥಾನ್ ಸ್ಕ್ರಿಪ್ಟ್ ಕರ್ನಲ್ ಜೊತೆಗೇ ಬರುತ್ತದೆ. 2016ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್‌ನಿಂದಾಗಿ ಅದನ್ನು ಬೆಂಬಲಿಸುವ ಯಾವ ಎಡಿಟರ್‌ನಿಂದಲೂ ಕ್ಲ್ಯಾಂಗ್-ಡಿಯನ್ನು ಬಳಸಬಹುದು. ಹೊಸ ಸಾಧನ ಬರೆಯುವವರು ಇದನ್ನು ಬಿಟ್ಟು ಊಹೆಯ ಮೇಲೆ ಏಕೆ ಕಟ್ಟಬೇಕು?

ತುಂಗಾತೀರ
ನಿಮ್ಮ ಅನುಭವವನ್ನು ಒಪ್ಪುತ್ತೇನೆ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಿ. ನೀವು ಒಂದು ಫಂಕ್ಷನ್‌ಗೆ ಹೊಸ ಆರ್ಗ್ಯುಮೆಂಟ್ ಸೇರಿಸುತ್ತೀರಿ ಎಂದುಕೊಳ್ಳಿ. ಎಕ್ಸ್86 ಪ್ರೊಸೆಸರ್‌ಗೆ ಬಿಲ್ಡ್ ಮಾಡಿದ ಇಂಡೆಕ್ಸ್‌ನಲ್ಲಿ ಎಸ್390 (ಐಬಿಎಂ ಮೇನ್‌ಫ್ರೇಮ್) ಫೋಲ್ಡರಿನ ಕರೆಗಳು ಇರುವುದೇ ಇಲ್ಲ. ಕ್ಲ್ಯಾಂಗ್-ಡಿ ತೋರಿಸಿದ ಕಡೆಯಲ್ಲೆಲ್ಲ ತಿದ್ದಿ ಪ್ಯಾಚ್ ಕಳುಹಿಸಿದರೆ ಬೇರೆಯವರ ಬಿಲ್ಡ್ ಮುರಿಯುತ್ತದೆ. ನಿಮಗೆ ಅಂದು ಹೆಚ್ಚು ತೋರಿಸಿದ್ದರಿಂದ ತೊಂದರೆಯಾಯಿತು, ಇಲ್ಲಿ ಕಡಿಮೆ ತೋರಿಸುವುದರಿಂದ ತೊಂದರೆಯಾಗುತ್ತದೆ.

ಅಂದಹಾಗೆ, ಕಂಪೈಲ್ ಆದ ಫೈಲುಗಳನ್ನು ಮಾತ್ರ ಇಂಡೆಕ್ಸ್ ಮಾಡಲು 'ಕಂಪೈಲ್ಡ್_ಸೋರ್ಸ್=1' ಎಂದು ಸೇರಿಸಿ ಮೇಕ್ ಕೊಡಬಹುದು. ಇದರಿಂದ ಸಿ-ಸ್ಕೋಪ್‌ನ ಫಲಿತಾಂಶ ಎಷ್ಟೋ ತಿಳಿಯಾಗುತ್ತದೆ, ಆದರೆ ಒಂದೇ ಫೈಲಿನೊಳಗಿನ ಇಫ್‌ಡೆಫ್‌ಗೆ ಇದು ಪರಿಹಾರವಲ್ಲ.

ಸೂಚಿಕಾ
ಇಬ್ಬರೂ ಪ್ರಶ್ನೆಯ ಎರಡನೆಯ ಭಾಗವನ್ನು, ಅಂದರೆ ಫಂಕ್ಷನ್ ಪಾಯಿಂಟರನ್ನು, ಬಿಟ್ಟಿದ್ದೀರಿ. ನನ್ನ ಮಟ್ಟಿಗೆ ಕರ್ನಲ್ ಓದಿನ ನಿಜವಾದ ಕಷ್ಟ ಅಲ್ಲಿದೆ. ವಿಎಫ್ಎಸ್_ರೀಡ್ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಆ ಫೈಲ್ ಯಾವ ಫೈಲ್ ಸಿಸ್ಟಂನಲ್ಲಿ ಇದೆ ಎಂಬುದರ ಮೇಲೆ, ಓಪನ್ ಮಾಡಿದ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂನ ಫೈಲ್ ಡಾಟ್ ಸಿ ತೆರೆದು ಕೊನೆಯ ಕಡೆಗೆ ನೋಡಿ: ಫೈಲ್ ಆಪರೇಶನ್ಸ್ ಸ್ಟ್ರಕ್ಟ್‌ನಲ್ಲಿ (ಹಲವು ಸದಸ್ಯಗಳನ್ನು ಕೂಡಿಸಿದ ಕಟ್ಟಿನಲ್ಲಿ) ರೀಡ್_ಐಟರ್ ಎಂಬ ಸದಸ್ಯಕ್ಕೆ ಇಎಕ್ಸ್‌ಟಿ4_ಫೈಲ್_ರೀಡ್_ಐಟರ್ ಎಂಬ ಹೆಸರನ್ನು ಕೊಟ್ಟಿರುವ ಒಂದು ಸಾಲಿದೆ. ಇಡೀ ದಾರಿ ಆ ಒಂದು ಸಾಲಿನ ಮೇಲೆ ನಿಂತಿದೆ. ಪ್ರತಿಯೊಂದು ಫೈಲ್ ಸಿಸ್ಟಂನಲ್ಲೂ ಇಂಥದೊಂದು ಸಾಲಿರುತ್ತದೆ.

ಆದ್ದರಿಂದ ನಿಮ್ಮ ಸಾಧನ ಸ್ಟ್ರಕ್ಟ್‌ನ ಹೆಸರು, ಸದಸ್ಯದ ಹೆಸರು, ಅದಕ್ಕೆ ಕೊಟ್ಟ ಫಂಕ್ಷನ್ ಈ ಮೂರನ್ನು ಒಂದು ಟೇಬಲ್‌ನಲ್ಲಿ ಕೂಡಿಡಲಿ. 'ರೀಡ್' ಎಂಬ ಸದಸ್ಯ ಹತ್ತಾರು ಸ್ಟ್ರಕ್ಟ್‌ಗಳಲ್ಲಿ ಇರುವುದರಿಂದ ಯಾವುದರದ್ದು ಎಂದು ಖಚಿತವಾಗಿ ಹೇಳಲು ಟೈಪ್ ಮಾಹಿತಿ ಬೇಕು, ಅಂದರೆ ಕ್ಲ್ಯಾಂಗ್ ಬೇಕು. ಆಗಲೂ ಸಿಗುವುದು ಹೋಗಬಹುದಾದ ದಾರಿಗಳ ಪಟ್ಟಿಯೇ ಹೊರತು ಹೋದ ದಾರಿಯಲ್ಲ. ಓದುವವರಿಗೆ ಇದನ್ನು ಸಾಧನವೇ ತಿಳಿಸಬೇಕು. ಎಲ್ಲ ಉತ್ತರಗಳನ್ನೂ ಒಂದೇ ಬಣ್ಣದಲ್ಲಿ, ಒಂದೇ ನಂಬಿಕೆಯಲ್ಲಿ ತೋರಿಸುವ ಸಾಧನ ನನಗೆ ಬೇಡ.

ಇನ್ನೊಂದು ಮಾತು. ನಿಮ್ಮ ಸಾಧನಕ್ಕೆ ಪ್ರೋಗ್ರಾಮಿಂಗ್ ಭಾಷೆಗಳನ್ನು ಸೇರಿಸುತ್ತ ಹೋಗಬೇಡಿ. ಆಸ್ಟ್ರಿಯದಲ್ಲಿ ರೂಪುಗೊಂಡ ಸೋರ್ಸ್‌ಟ್ರೇಲ್ ಬಹಳ ಚೆಲುವಾದ ಸಾಧನವಾಗಿತ್ತು. ಸಿ, ಸಿ++, ಜಾವಾ, ಪೈಥಾನ್ ಎಲ್ಲವನ್ನೂ ನಕ್ಷೆಯಾಗಿ ತೋರಿಸುತ್ತಿತ್ತು. 2019ರಲ್ಲಿ ಅದನ್ನು ಮುಕ್ತಗೊಳಿಸಿದರು, 2021ರ ಕೊನೆಗೆ ಅಭಿವೃದ್ಧಿ ನಿಲ್ಲಿಸಿದರು. ಪ್ರತಿ ಭಾಷೆಗೂ ಬೇರೆ ಇಂಡೆಕ್ಸರ್ ಸಾಕುವುದು ಚಿಕ್ಕ ತಂಡಕ್ಕೆ ಎಷ್ಟು ಭಾರ ಎಂಬುದನ್ನು ಅಂಥ ಕೆಲಸ ಮಾಡಿದವರು ಬಲ್ಲರು.

ಚಾಲಕ_ಬರಹ
ಸೂಚಿಕಾ ಅವರ ಮಾತು ನನ್ನ ನಿಲುವನ್ನು ಸ್ವಲ್ಪ ಬದಲಿಸಿದೆ. ಕ್ಲ್ಯಾಂಗ್ ಹೇಳಿದ ವ್ಯಾಖ್ಯೆಯನ್ನು ಮೊದಲು ತೋರಿಸಿ, ಸಿ-ಟ್ಯಾಗ್ಸ್ ಮತ್ತು ಸಿ-ಸ್ಕೋಪ್ ಕಂಡುಕೊಂಡ ಉಳಿದವನ್ನು 'ಈ ಬಿಲ್ಡ್‌ನಲ್ಲಿ ಇಲ್ಲ' ಎಂಬ ಗುರುತಿನೊಂದಿಗೆ ಕೆಳಗೆ ತೋರಿಸಿದ್ದರೆ ಅಂದು ನನ್ನ ಮಧ್ಯಾಹ್ನ ಉಳಿಯುತ್ತಿತ್ತು, ತುಂಗಾತೀರ ಸರ್ ಹೇಳಿದ ಎಸ್390 ಕರೆಗಳೂ ತಪ್ಪುತ್ತಿರಲಿಲ್ಲ.

ಕರ್ನಲ್_ಓದುಗ
ಹಾಗಾದರೆ ಪ್ರತಿ ದಾಖಲೆಗೂ ಎರಡು ಕಾಲಂ ಸೇರಿಸುತ್ತೇನೆ: ಮಾಹಿತಿ ಕಂಪೈಲರ್‌ನಿಂದ ಬಂದದ್ದೇ ಪಠ್ಯದಿಂದ ಬಂದದ್ದೇ ಎಂಬುದು ಒಂದು, ಯಾವ ಕಾನ್ಫಿಗರೇಶನ್ ಎಂಬುದು ಇನ್ನೊಂದು. ಒಂದು ಸಂದೇಹ ಉಳಿದಿದೆ. ಮೇಲೆ ಎರಡು ಸಾಲು ಸೇರಿಸಿದರೂ ಕೆಳಗಿನ ಸಾಲಿನ ಸಂಖ್ಯೆಗಳೆಲ್ಲ ತಪ್ಪಾಗುತ್ತವೆ. ಪ್ರತಿ ಸಲ ಎಲ್ಲವನ್ನೂ ಮತ್ತೆ ಇಂಡೆಕ್ಸ್ ಮಾಡಬೇಕೇ?

ತುಂಗಾತೀರ
ಟ್ಯಾಗ್ಸ್ ಫೈಲನ್ನು ಒಮ್ಮೆ ಎಡಿಟರಿನಲ್ಲಿ ತೆರೆದು ನೋಡಿ. ಫಂಕ್ಷನ್‌ಗಳ ಎದುರು ಹೆಸರು, ಫೈಲು, ಮೂರನೆಯದಾಗಿ ಆ ವ್ಯಾಖ್ಯೆಯ ಸಾಲನ್ನೇ ಹುಡುಕುವ ಮಾದರಿ ಇರುತ್ತದೆ. ಸಾಲು ಕೆಳಗೆ ಸರಿದರೂ ಎಡಿಟರ್ ಅದನ್ನು ಹುಡುಕಿ ತಲುಪುತ್ತದೆ. ನೀವೂ ಸಂಖ್ಯೆಯ ಜೊತೆಗೆ ಆ ಸಾಲಿನ ಪಠ್ಯವನ್ನು ಇಟ್ಟುಕೊಳ್ಳಿ, ಸಂಖ್ಯೆ ಹೊಂದದಿದ್ದಾಗ ಪಠ್ಯದಿಂದ ಹುಡುಕಿ. ಫೈಲ್ ಬದಲಾದ ಸಮಯ ನೋಡಿ ಆ ಫೈಲನ್ನು ಮಾತ್ರ ಮರು-ಇಂಡೆಕ್ಸ್ ಮಾಡಿದರೆ ಸಾಕು, ಆದರೆ ಹೆಡರ್ ಬದಲಾದರೆ ಅದನ್ನು ಸೇರಿಸಿಕೊಂಡ ಫೈಲುಗಳ ಕ್ಲ್ಯಾಂಗ್ ಮಾಹಿತಿಯನ್ನೂ ಹೊಸದಾಗಿ ಮಾಡಲೇಬೇಕು.

ಕರ್ನಲ್_ಓದುಗ
ಧನ್ಯವಾದಗಳು. ಇಎಕ್ಸ್‌ಟಿ4 ಫೋಲ್ಡರ್ ಒಂದರಿಂದಲೇ ಆರಂಭಿಸುತ್ತೇನೆ, ರೀಡ್_ಐಟರ್ ಸಾಲೇ ಟೇಬಲ್‌ನ ಮೊದಲ ದಾಖಲೆಯಾಗಲಿ.