ಕಾಳನ ಕಾಲು, ಮಾವನ ಸಂದೇಶ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಬರೆಯುವುದಾದರೆ ನೆಟ್ಟಗೆ ಬರೆಯಬೇಕೆಂಬುದು ಅಜ್ಜನ ಕಟ್ಟಳೆ. ಅವರು ಕನ್ನಡ ಮಾಸ್ತರರಾಗಿದ್ದವರು. ‘ಬರ್ತೀನ್ರಿ, ಹೋಗ್ತೀನ್ರಿ’ಗಳೆಲ್ಲ ಫೋನಿನಲ್ಲಿರಲಿ ಎನ್ನುತ್ತಾರೆ. ಹೀಗಾಗಿ ನಮ್ಮಲ್ಲಿ ಜಗಳವೂ ಪೂರ್ಣವಿರಾಮದೊಂದಿಗೇ ನಡೆಯುತ್ತದೆ. ಕಾಳನೆಂದರೆ ರಾಯಚೂರಿನ ನಮ್ಮ ಮನೆಯ 12 ವರ್ಷದ ನಾಟಿ ನಾಯಿ. ಹೆಸರುಗಳು ನನ್ನ ಫೋನಿನಲ್ಲಿ ಇರುವಂತೆಯೇ ಇವೆ.

ಸಿಂಧನೂರು ಮಾವ, ಭಾನುವಾರ ಬೆಳಿಗ್ಗೆ 6:40
(ಹಲವು ಸಲ ಫಾರ್ವರ್ಡ್ ಆಗಿದೆ) ನಿಮ್ಮ ಮುದಿ ನಾಯಿ ಕುಂಟುತ್ತಿದೆಯೇ? ಮೂರೇ ದಿನದಲ್ಲಿ ಗುಣ! ಮನೆಯಲ್ಲಿರುವ ಐಬುಪ್ರೊಫೆನ್ ಮಾತ್ರೆಯ ಅರ್ಧವನ್ನು ಬೆಲ್ಲದ ಉಂಡೆಯಲ್ಲಿಟ್ಟು ದಿನಕ್ಕೆರಡು ಸಲ ಕೊಡಿ. ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಎಳ್ಳೆಣ್ಣೆಯಲ್ಲಿ ಕಾಯಿಸಿ, ಅರ್ಧ ತಿನ್ನಿಸಿ, ಅರ್ಧ ಕೀಲಿಗೆ ತಿಕ್ಕಿ. ತುಪ್ಪವನ್ನು ಧಾರಾಳವಾಗಿ ಹಾಕಿದರೆ ಕೀಲುಗಳಿಗೆ ಜಿಡ್ಡು ಸಿಗುತ್ತದೆ. ಹತ್ತು ಮಂದಿಗೆ ಕಳುಹಿಸಿ.

ಸಿಂಧನೂರು ಮಾವ, 6:42
ಕಾಳನು ಬೆಳಿಗ್ಗೆ ಏಳಲು ಒದ್ದಾಡುತ್ತಾನೆಂದು ರಾಯಚೂರಿನ ನಮ್ಮ ಮಾವನವರು ಮೊನ್ನೆ ಫೋನಿನಲ್ಲಿ ಹೇಳಿದ್ದರಿಂದ ಇದನ್ನು ಕಳುಹಿಸಿದ್ದೇನೆ. ಖರ್ಚಿಲ್ಲದ ಉಪಾಯ.

ಬಳ್ಳಾರಿ ಅಕ್ಕ, 7:15
ಮಾವನವರೇ, ನಿಮ್ಮ ಕಾಳಜಿಗೆ ನಾನು ಎರಡು ಮಾತನಾಡುವುದಿಲ್ಲ, ಆದರೆ ದಯವಿಟ್ಟು ಈ ಸಂದೇಶವನ್ನು ಅಳಿಸಿರಿ. ಐಬುಪ್ರೊಫೆನ್ ನಮ್ಮ ಹೊಟ್ಟೆಗೆ ಆಗಿಬರುವಂತೆ ನಾಯಿಯ ಹೊಟ್ಟೆಗೆ ಆಗಿಬರುವುದಿಲ್ಲ. ಸಣ್ಣ ಪ್ರಮಾಣವನ್ನೇ ದಿನವೂ ಕೊಡುತ್ತಾ ಹೋದರೂ ಜಠರದಲ್ಲಿ ಹುಣ್ಣಾಗುತ್ತದೆ, ಪ್ರಮಾಣ ಹೆಚ್ಚಿದರೆ ಮೂತ್ರಪಿಂಡವೇ ಕೈಕೊಡುತ್ತದೆ. ಡೈಕ್ಲೋಫೆನಾಕ್ ಸಹ ಹಾಗೆಯೇ. ಬೆಳ್ಳುಳ್ಳಿ ಮತ್ತು ಈರುಳ್ಳಿಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಇನ್ನು ತುಪ್ಪವು ಕೀಲಿಗೆ ಹೋಗುವುದಿಲ್ಲ, ಸೊಂಟದ ಸುತ್ತ ಕೂರುತ್ತದೆ.

ಸಿಂಧನೂರು ಮಾವ, 7:31
ನೀನು ಔಷಧಿ ಅಂಗಡಿ ನಡೆಸುವವಳಮ್ಮ, ಮನೆಮದ್ದನ್ನು ಬೇಡವೆನ್ನುವುದು ಸಹಜ. ನಮ್ಮ ಹೊಲದ ನಾಯಿಗೆ ಹೋದ ವರ್ಷ ನಾನೇ ಇಂಥ ಮಾತ್ರೆ ಹಾಕಿದ್ದೆ, ಮರುದಿನವೇ ಓಡಾಡಿತು.

ಬಳ್ಳಾರಿ ಅಕ್ಕ, 7:38
ಆ ಮಾತ್ರೆಯನ್ನು ಮಾರಿ ದುಡ್ಡು ಮಾಡುವವಳು ನಾನೇ, ಮಾವನವರೇ. ಮಾರುವವಳೇ ಬೇಡವೆನ್ನುತ್ತಿದ್ದೇನೆ ಎಂಬುದನ್ನು ತಾವು ಗಮನಿಸಬೇಕು. ನೋವಿನ ಮಾತ್ರೆ ನೋವನ್ನು ಇಳಿಸುತ್ತದೆ, ಅದರಲ್ಲಿ ಸುಳ್ಳಿಲ್ಲ. ಒಳಗೆ ಹುಣ್ಣು ಮಾಡಿದ್ದು ಮಾತ್ರ ಓಡಾಡುವ ನಾಯಿಯನ್ನು ನೋಡಿದವರಿಗೆ ಕಾಣುವುದಿಲ್ಲ.

ಕೊಪ್ಪಳ ಕಾಕಾ, 8:05
ಒಂದು ನಾಯಿಯ ಕಾಲಿಗೆ ಇಷ್ಟು ದೊಡ್ಡ ಸಭೆಯೇ? ವಯಸ್ಸಾಯಿತು, ಕೀಲು ಸವೆದಿದೆ. ಅಪ್ಪನ ಮೊಣಕಾಲೂ ಸವೆದಿದೆ, ನಾಳೆ ನನ್ನದೂ ಸವೆಯುತ್ತದೆ. ಕಾಳನನ್ನು ನಮ್ಮ ಹೊಲಕ್ಕೆ ಕಳುಹಿಸಿಬಿಡಿ. ಮೆತ್ತನೆಯ ಮಣ್ಣಿನಲ್ಲಿ ತಿರುಗಾಡಿಕೊಂಡಿರಲಿ, ಎಡದಂಡೆ ಕಾಲುವೆಯಲ್ಲಿ ಈಜಲಿ. ಈಜು ಕೀಲಿಗೆ ಒಳ್ಳೆಯದೆಂದು ನಾನೂ ಕೇಳಿದ್ದೇನೆ.

ನಾನು, 8:20
ಕಾಕಾ, ಈಜು ಒಳ್ಳೆಯದೆಂಬುದು ನಿಜ, ಏಕೆಂದರೆ ನೀರು ಮೈಭಾರವನ್ನು ಹೊರುತ್ತದೆ. ಆದರೆ ಆ ಕಾಲುವೆಯ ಸೆಳೆತದಲ್ಲಿ, ಎರಡೂ ಕಡೆ ಜಾರುವ ಕಾಂಕ್ರೀಟಿನ ಇಳಿಜಾರಿನಲ್ಲಿ, ಹಿಂಗಾಲು ಸೋತ ನಾಯಿ ಮೇಲೆ ಹತ್ತಿ ಬರುವುದು ಹೇಗೆ? ಹೊಲದಲ್ಲಿ ರಾತ್ರಿ ಹಂದಿ ಬಂದರೆ ಅವನು ಮಲಗಿರುವವನೂ ಅಲ್ಲ. ದಿನವಿಡೀ ನಿಧಾನವಾಗಿ ನಡೆದದ್ದಕ್ಕಿಂತ ಹಾಗೆ ಒಮ್ಮೆಲೇ ಎದ್ದು ಬೆನ್ನಟ್ಟುವುದೇ ಸವೆದ ಕೀಲಿಗೆ ಹೆಚ್ಚು ಪೆಟ್ಟು ಕೊಡುತ್ತದೆ.

ಅಜ್ಜ, 8:52
ಎಲ್ಲರೂ ಓದಿರಿ. ಅಳಿಯಂದಿರು ಈ ಸಂದೇಶವನ್ನು ಗುರುವಾರವೇ ನನಗೆ ಪ್ರತ್ಯೇಕವಾಗಿ ಕಳುಹಿಸಿದ್ದರು. ಶುಕ್ರವಾರ ಮತ್ತು ಶನಿವಾರ ನನ್ನ ಮಾತ್ರೆಯ ಡಬ್ಬಿಯಿಂದ ಅರ್ಧರ್ಧ ಮಾತ್ರೆಯನ್ನು ಬೆಲ್ಲದಲ್ಲಿಟ್ಟು ರಾತ್ರಿ ಕೊಟ್ಟಿದ್ದೇನೆ. ಬೆಳ್ಳುಳ್ಳಿಯನ್ನು ಅವನು ಮೂಸಿ ಬಿಟ್ಟ. ನನ್ನ ನೋವು ಇಳಿಸುವುದು ಅವನ ನೋವನ್ನೂ ಇಳಿಸೀತು ಎಂದುಕೊಂಡೆ.

ಬಳ್ಳಾರಿ ಅಕ್ಕ, 8:53
ಅಜ್ಜಾ, ಇನ್ನು ಒಂದು ಚೂರೂ ಕೊಡಬೇಡಿ. ತಮ್ಮಾ, ಅವನು ವಾಂತಿ ಮಾಡಿದ್ದಾನೆಯೇ, ಊಟ ಬಿಟ್ಟಿದ್ದಾನೆಯೇ, ಮಲವು ಡಾಂಬರಿನಂತೆ ಕಪ್ಪಾಗಿದೆಯೇ ಎಂದು ಈಗಲೇ ನೋಡು. ಕಪ್ಪಾಗಿದ್ದರೆ ಒಳಗೆ ರಕ್ತ ಹೋಗುತ್ತಿದೆ ಎಂದರ್ಥ. ಪಶು ಸಹಾಯವಾಣಿಯ 1962 ಸಂಖ್ಯೆಗೆ ಕರೆ ಮಾಡಿ ಕೇಳು, ಅಥವಾ ಎತ್ತಿಕೊಂಡು ದನದ ದವಾಖಾನೆಗೆ ಹೋಗು. ಮಾತ್ರೆಯ ಪಟ್ಟಿಯೂ ಜೊತೆಗಿರಲಿ.

ನಾನು, ಮಧ್ಯಾಹ್ನ 2:10
ದವಾಖಾನೆಯಿಂದ ಬಂದೆವು. ಮಲದ ಬಣ್ಣ ಸರಿಯಾಗಿದೆ, ವಾಂತಿಯಿಲ್ಲ, ಬೆಳಿಗ್ಗೆ ಅರ್ಧ ರೊಟ್ಟಿ ತಿಂದಿದ್ದ. ಹೊಟ್ಟೆಯನ್ನು ಕಾಪಾಡುವ ಔಷಧಿ ಕೊಟ್ಟು, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗೆ ರಕ್ತ ತೆಗೆದುಕೊಂಡಿದ್ದಾರೆ. ಉಣ್ಣೆ ಜ್ವರದ ಪರೀಕ್ಷೆಯನ್ನೂ ಮಾಡಿದರು. ಉಣ್ಣೆ ಕಚ್ಚಿ ಬರುವ ಆ ಜ್ವರದಲ್ಲಿಯೂ ಕೀಲು ಬಾತು ನಾಯಿ ಕುಂಟುತ್ತದೆಯಂತೆ, ನಮ್ಮ ಕಡೆಯ ಸೆಕೆಗೆ ಉಣ್ಣೆಗಳಿಗೇನು ಬರವಿಲ್ಲ. ಕಾಳನಿಗೆ ಅದಿಲ್ಲ. ಎಕ್ಸ್‌ರೇಯಲ್ಲಿ ಎರಡೂ ಸೊಂಟದ ಕೀಲುಗಳು ಸವೆದು, ಅಂಚಿನಲ್ಲಿ ಎಲುಬು ಬೆಳೆದಿರುವುದು ನನಗೂ ಕಾಣಿಸಿತು. ಇದು ವಾಸಿಯಾಗುವ ಕಾಯಿಲೆಯಲ್ಲ, ನೋವನ್ನು ಹತೋಟಿಯಲ್ಲಿ ಇಟ್ಟುಕೊಂಡು ಹೋಗುವ ಕಾಯಿಲೆ ಎಂದರು.

ಸಿಂಧನೂರು ಮಾವ, 2:34
ನಾಯಿಗೆ ಏನೂ ಆಗಿಲ್ಲವೆಂದ ಮೇಲೆ ಬೆಳಗಿನಿಂದ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೇಕೆ? ಕೊನೆಗೆ ಅವರೂ ಒಂದು ನೋವಿನ ಮಾತ್ರೆಯನ್ನೇ ಬರೆದಿರುತ್ತಾರೆ.

ಬಳ್ಳಾರಿ ಅಕ್ಕ, 2:50
ಬರೆದಿದ್ದಾರೆ, ನಾನೂ ಚೀಟಿ ನೋಡಿದೆ: ಮೆಲಾಕ್ಸಿಕ್ಯಾಮ್, ಅದೂ ರಕ್ತದ ವರದಿ ಸರಿಯಿದ್ದರೆ ಮಾತ್ರ, ಒಂದು ವಾರ ಕಳೆದ ಮೇಲೆ. ಈಗ ಕೊಟ್ಟಿರುವುದು ಮೈಯಿಂದ ಪೂರ್ತಿ ಇಳಿಯದೆ ಇನ್ನೊಂದನ್ನು ಕೊಟ್ಟರೆ ಎರಡೂ ಸೇರಿ ಹೊಟ್ಟೆಯನ್ನು ಕೊರೆಯುತ್ತವೆ. ಅಜ್ಜನ ಅರ್ಧ ಮಾತ್ರೆಯಿಂದ ಕಾಳನು ಇನ್ನೊಂದು ವಾರ ನೋವು ತಿನ್ನಬೇಕಾಯಿತು ಎಂಬುದನ್ನು ‘ಏನೂ ಆಗಿಲ್ಲ’ ಎನ್ನಲು ನನಗೆ ಮನಸ್ಸಿಲ್ಲ. ಮೆಲಾಕ್ಸಿಕ್ಯಾಮ್ ನಮ್ಮ ಅಂಗಡಿಯಲ್ಲಿಯೂ ಇದೆ, ಮನುಷ್ಯರಿಗೆ 7.5 ಮಿಲಿಗ್ರಾಂ ಮಾತ್ರೆಯಾಗಿ. ನಾಯಿಗೆ ದಿನವೂ ಕೊಡುವಾಗ ಒಂದು ಕಿಲೋ ತೂಕಕ್ಕೆ 0.1 ಮಿಲಿಗ್ರಾಂ ಲೆಕ್ಕ. 24 ಕಿಲೋದ ಕಾಳನಿಗೆ ಆ ಒಂದು ಮಾತ್ರೆಯೆಂದರೆ ಮೂರು ದಿನದ ಪ್ರಮಾಣ. ಔಷಧಿಯ ಹೆಸರು ಒಂದೇ ಇದ್ದರೆ ಸಾಲದು, ಮಾವನವರೇ.

ಸಿಂಧನೂರು ಅತ್ತೆ, 3:05
ಇವರು ಫೋನನ್ನು ಪಕ್ಕಕ್ಕಿಟ್ಟು ಮಲಗಿದ್ದಾರೆ, ನಾನು ಕೇಳುತ್ತೇನೆ. ಅರಿಶಿನವನ್ನಾದರೂ ಊಟದಲ್ಲಿ ಹಾಕಬಹುದೇ? ಮೀನೆಣ್ಣೆ ಒಳ್ಳೆಯದೆಂದು ನೆರೆಮನೆಯವರು ಹೇಳುತ್ತಾರೆ.

ಬಳ್ಳಾರಿ ಅಕ್ಕ, 3:12
ಚಿಟಿಕೆ ಅರಿಶಿನದಿಂದ ಕೆಡುಕಿಲ್ಲ ಅತ್ತೆ, ಆದರೆ ಅದು ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆಯಾದ್ದರಿಂದ ಅದನ್ನೇ ನಂಬಿ ಕೂರಬಾರದು. ಮೀನೆಣ್ಣೆಗೆ ಇದಕ್ಕಿಂತ ಗಟ್ಟಿಯಾದ ಆಧಾರವಿದೆ. ಎಷ್ಟು ಎಂಬುದನ್ನು ವೈದ್ಯರನ್ನೇ ಕೇಳಬೇಕು, ಹೆಚ್ಚಾದರೆ ಭೇದಿಯಾಗುತ್ತದೆ.

ಅಜ್ಜ, 3:20
ಮೀನೆಣ್ಣೆಯ ಸೀಸೆ ಅಡುಗೆಮನೆಯೊಳಗೆ ಬರಕೂಡದು. ಹಿತ್ತಲಿನ ಗೂಡಿನಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ನಾನು, 4:00
ವೈದ್ಯರು ಮಾತ್ರೆಗಿಂತ ಹೆಚ್ಚು ಹೊತ್ತು ಮಾತನಾಡಿದ್ದು ತೂಕದ ಬಗ್ಗೆ. ಪಕ್ಕೆಲುಬುಗಳು ಕಣ್ಣಿಗೆ ಕಾಣದಿದ್ದರೂ ಕೈಯಾಡಿಸಿದರೆ ಸಿಗಬೇಕಂತೆ. ಕಾಳನಲ್ಲಿ ಅವನ್ನು ಹುಡುಕಬೇಕಾಗುತ್ತದೆ. ಅವನು 20 ಕಿಲೋಗೆ ಇಳಿಯಬೇಕು, ಅದೂ ತಿಂಗಳುಗಟ್ಟಲೆ ನಿಧಾನವಾಗಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಊಟ ಕೊಟ್ಟು ಬದುಕಿನುದ್ದಕ್ಕೂ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಗಿದೆ. ಕಡಿಮೆ ತಿಂದ ನಾಯಿಗಳಿಗೆ ಕೀಲುನೋವಿನ ಚಿಕಿತ್ಸೆ ಬೇಕಾದದ್ದು ತಡವಾಗಿ, ಆಯುಸ್ಸೂ ಸುಮಾರು ಎರಡು ವರ್ಷ ಹೆಚ್ಚಾಯಿತು. ನಮ್ಮ ಮನೆಯಲ್ಲಿ ಅಜ್ಜನ ಎರಡು ಹೊತ್ತಿನ ಚಹಾದ ಜೊತೆ ಕಾಳನಿಗೆ ನಾಲ್ಕು ನಾಲ್ಕು ಬಿಸ್ಕತ್ತುಗಳು ಸಲ್ಲುತ್ತವೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಅಜ್ಜ, 4:08
ಮೂರು ಮೂರು.

ಕೊಪ್ಪಳ ಕಾಕಾ, 4:30
ಹಾಗಾದರೆ ಬಿಸ್ಕತ್ತು ಬಿಟ್ಟರೆ ಆಯಿತು, ಸಭೆ ಮುಗಿಯಿತು.

ನಾನು, 4:41
ಮುಗಿದಿಲ್ಲ ಕಾಕಾ, ಬೇಸರಿಸಬೇಡಿ. ಕಾಳನು ಬೆಳಿಗ್ಗೆ ಏಳುವುದನ್ನು ನೀವು ನೋಡಿಲ್ಲ. ಮೊದಲು ಮುಂಗಾಲುಗಳನ್ನು ಊರುತ್ತಾನೆ. ಹಿಂಗಾಲುಗಳನ್ನು ಎತ್ತುವಷ್ಟರಲ್ಲಿ ಅವು ಟೈಲ್ಸ್ ಮೇಲೆ ಎರಡು ಕಡೆಗೆ ಜಾರುತ್ತವೆ, ಉಗುರುಗಳು ಪರಪರ ಕೆರೆಯುತ್ತವೆ, ಕುಂಡೆ ಮತ್ತೆ ನೆಲಕ್ಕೆ ತಾಗುತ್ತದೆ. ಆಗ ಯಾರೋ ಎಳೆದರೇನೋ ಎಂಬಂತೆ ಹಿಂದಿರುಗಿ ತನ್ನ ಕಾಲುಗಳನ್ನೇ ನೋಡಿಕೊಳ್ಳುತ್ತಾನೆ. ಮೂರನೆಯ ಸಲಕ್ಕೆ ಏಳುತ್ತಾನೆ. ಕೂಗುವುದಿಲ್ಲ; ನಾಯಿಗಳು ಈ ನೋವಿಗೆ ಕೂಗುವುದು ಅಪರೂಪವಂತೆ, ಅದಕ್ಕೇ ನಮಗೆ ತಡವಾಗಿ ತಿಳಿಯಿತು. ಎರಡು ವರ್ಷದ ಹಿಂದೆ, ಶಹಾಬಾದ್ ಕಲ್ಲಿನ ನೆಲವಿದ್ದಾಗ, ಹೀಗಾಗುತ್ತಿರಲಿಲ್ಲ. ಒರಟು ಕಲ್ಲಿನಲ್ಲಿ ಪಾದಕ್ಕೆ ಹಿಡಿತ ಸಿಗುತ್ತಿತ್ತು.

ಕೊಪ್ಪಳ ಕಾಕಾ, 4:55
ಮಾತು ಎಲ್ಲಿಗೆ ಬರುತ್ತಿದೆ ಎಂದು ತಿಳಿಯಿತು. ನನ್ನ ಮಗಳ ಮದುವೆಗೆಂದು ಟೈಲ್ಸ್ ಹಾಕಿಸಿದವನು ನಾನು. ಬೀಗರು ಬರುವ ಮನೆ ಮಸುಕಾಗಿರಬಾರದೆಂದು ಕೈಯಿಂದ ದುಡ್ಡು ಹಾಕಿದ್ದಕ್ಕೆ, ಈಗ ನಾಯಿಯ ಕಾಲು ಮುರಿದವನೂ ನಾನೇ ಆದೆ.

ಬಳ್ಳಾರಿ ಅಕ್ಕ, 5:03
ಕಾಕಾ, ಕೀಲನ್ನು ಸವೆಸಿದ್ದು ವಯಸ್ಸು ಮತ್ತು ತೂಕ, ಟೈಲ್ಸ್ ಅಲ್ಲ. ಆದರೆ ಸವೆದ ಕೀಲು ದಿನಕ್ಕೆ ಇಪ್ಪತ್ತು ಸಲ ಜಾರಿದರೆ ಮಾತ್ರೆ ಮಾಡಿದ ಕೆಲಸವನ್ನು ನೆಲ ಕೆಡಿಸುತ್ತದೆ. ಜಾರುವ ಹೆದರಿಕೆಗೆ ಅವನು ಏಳುವುದನ್ನೇ ಬಿಡುತ್ತಾನೆ, ಹಿಂಗಾಲಿನ ಸ್ನಾಯು ಕರಗುತ್ತದೆ, ಸ್ನಾಯು ಕರಗಿದರೆ ಕೀಲಿನ ಮೇಲಿನ ಭಾರ ಇನ್ನೂ ಹೆಚ್ಚುತ್ತದೆ. ನಿಮ್ಮ ಮೇಲೆ ಯಾರಿಗೂ ದೂರಿಲ್ಲ.

ಕೊಪ್ಪಳ ಕಾಕಾ, 5:10
ಇದೆ. ಇರಲಿ.

ನಾನು, ಮಂಗಳವಾರ ಬೆಳಿಗ್ಗೆ 9:30
ರಕ್ತದ ವರದಿ ಸರಿಯಿದೆ. ಬಾಗಿಲಿನಿಂದ ಅಡುಗೆಮನೆಯವರೆಗೆ ಅಡಿಯಲ್ಲಿ ರಬ್ಬರ್ ಇರುವ ಚಾಪೆಗಳನ್ನು ಹಾಸಿದ್ದೇನೆ. ಮೊದಲು ಜಮಖಾನೆ ಹಾಸಿದಾಗ ಅದು ಅವನನ್ನು ಹೊತ್ತುಕೊಂಡೇ ಜಾರಿತು. ಉಗುರುಗಳನ್ನು ಮತ್ತು ಅಂಗಾಲಿನ ನಡುವಿನ ಕೂದಲನ್ನು ಕತ್ತರಿಸಿಸಿದೆ. ಹೊರಬಾಗಿಲಿನ ಮೂರು ಮೆಟ್ಟಿಲಿಗೆ ಹಲಗೆಯಿಟ್ಟು, ಅದಕ್ಕೆ ಗೋಣಿಚೀಲವನ್ನು ಮೊಳೆ ಹೊಡೆದು ಬಿಗಿದಿದ್ದೇನೆ. ಒಂದೇ ಸಲ ಮುಕ್ಕಾಲು ಗಂಟೆ ಸುತ್ತಿಸುವ ಬದಲು ದಿನಕ್ಕೆ ಮೂರು ಸಲ ಹತ್ತು ನಿಮಿಷ ಹಗ್ಗ ಹಿಡಿದು ನಡೆಸುತ್ತೇನೆ. ಈ ಚಳಿಯಲ್ಲಿ ಅವನಿಗೆ ಬೆಳಗಿನ ಹೊತ್ತೇ ಕಷ್ಟವಾದ್ದರಿಂದ, ಏಳುವ ಮುನ್ನ ಸೊಂಟಕ್ಕೆ ಬಿಸಿನೀರಿನ ಬಟ್ಟೆಯನ್ನು ಹತ್ತು ನಿಮಿಷ ಇಡುತ್ತೇನೆ. ಬಿಸಿಯನ್ನು ಮೊದಲು ನನ್ನ ಮೊಣಕೈಗೆ ತಾಗಿಸಿ ನೋಡುತ್ತೇನೆ. ಬೇಸಿಗೆ ಬಂದರೆ ರಸ್ತೆ ಕಾಯುವ ಮೊದಲೇ ಸುತ್ತಾಟ ಮುಗಿಸಬೇಕು.

ಸಿಂಧನೂರು ಅತ್ತೆ, 10:02
ನನ್ನ ಅರಳೆಯ ಗಾದಿಯೊಂದು ಅಟ್ಟದ ಮೇಲಿದೆಯಲ್ಲ, ಅದನ್ನು ಅವನಿಗೆ ಹಾಸಿಕೊಡು.

ಅಜ್ಜ, 10:15
ನಿನ್ನೆಯೇ ಹಾಸಿದೆವು. ಒಂದು ತಾಸು ಮಲಗಿ ಎದ್ದುಹೋದ. ಈಗ ಅವನು ಮಲಗುವುದು ಬಚ್ಚಲಿನ ಮುಂದೆ, ಟೈಲ್ಸ್ ಹಾಕದೆ ಬಿಟ್ಟಿರುವ ಆ ಎರಡು ಹಳೆಯ ಕಲ್ಲುಗಳ ಮೇಲೆ. ಅಲ್ಲಿಂದ ಮಾತ್ರ ಒಂದೇ ಸಲಕ್ಕೆ ಏಳುತ್ತಾನೆ. ನಾನೂ ರಾತ್ರಿ ಬಚ್ಚಲಿಗೆ ಹೋಗುವಾಗ ಅಲ್ಲಿಯೇ ಧೈರ್ಯವಾಗಿ ಹೆಜ್ಜೆಯಿಡುತ್ತೇನೆ; ಇದನ್ನು ಯಾರಿಗೂ ಹೇಳಿರಲಿಲ್ಲ.

ಸಿಂಧನೂರು ಮಾವ, 10:40
ಅಷ್ಟೆಲ್ಲ ಚಾಪೆ, ಹಲಗೆ, ಗಾದಿಗಳ ಖರ್ಚಿನಲ್ಲಿ ಒಂದು ಎಮ್ಮೆಯ ಕರು ಬರುತ್ತಿತ್ತು. ಸಂದೇಶವನ್ನು ಅಳಿಸಿದ್ದೇನೆ. ಬೆಳ್ಳುಳ್ಳಿ ಎಣ್ಣೆಯನ್ನು ಹೊರಗೆ ತಿಕ್ಕುವುದರಲ್ಲಿ ಏನು ತಪ್ಪೆಂಬುದನ್ನು ಯಾರೂ ಹೇಳಲಿಲ್ಲ.

ಬಳ್ಳಾರಿ ಅಕ್ಕ, 10:44
ಅವನು ಅದನ್ನು ನೆಕ್ಕುತ್ತಾನೆ, ಮಾವನವರೇ. ನೋವಿನ ಮುಲಾಮುಗಳನ್ನೂ ಅದಕ್ಕಾಗಿಯೇ ಹಚ್ಚಬಾರದು.

ಕೊಪ್ಪಳ ಕಾಕಾ, ರಾತ್ರಿ 9:18
ಕಿತ್ತ ಶಹಾಬಾದ್ ಕಲ್ಲುಗಳನ್ನು ಹಿತ್ತಲಿನ ಗೋಡೆಗೆ ಒರಗಿಸಿಟ್ಟಿದ್ದೆವಲ್ಲ, ಅವು ಈಗಲೂ ಇವೆಯೇ? ಎಳ್ಳಮಾವಾಸ್ಯೆಗೆ ಬರುವಾಗ ಗೌಂಡಿಯನ್ನು ಕರೆತರುತ್ತೇನೆ. ಬಚ್ಚಲಿನಿಂದ ಅಪ್ಪನ ಕೋಣೆಯವರೆಗೆ ಒಂದು ಪಟ್ಟಿ ಹಾಕಿಸೋಣ. ಒಡೆಯದೆ ಇರುವವು ಎಷ್ಟು ಎಂದು ಎಣಿಸಿ ಹೇಳು.

ನಾನು, 9:31
ಬ್ಯಾಟರಿ ಹಿಡಿದು ಎಣಿಸಿ ಬಂದೆ, ಕಾಕಾ. ಹನ್ನೊಂದು ಇವೆ, ಒಂದರ ಮೂಲೆ ಮುಕ್ಕಾಗಿದೆ.