ವಿಂಗ್ ಚುನ್ ಕಲಿತವರು ನಿಜವಾದ ಹೊಡೆದಾಟದಲ್ಲಿ ನಿಲ್ಲಬಲ್ಲರೇ? ತರಬೇತುದಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ:

ಸರ್, ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ವಿಂಗ್ ಚುನ್ ಎಂಬ ಚೀನೀ ಕುಂಗ್ ಫು ಶೈಲಿಯನ್ನು ಅಭ್ಯಾಸ ಮಾಡುತ್ತಿದ್ದೇನೆ. ಸಿಯು ನಿಮ್ ತಾವ್ ಮತ್ತು ಚುಮ್ ಕಿಯು ವರಸೆಗಳು ಮುಗಿದು, ಈಗ ಮರದ ಬೊಂಬೆಯ ಮೇಲೆ ಅಭ್ಯಾಸ ನಡೆಯುತ್ತಿದೆ. ಇತ್ತೀಚೆಗೆ, ಬಾಕ್ಸಿಂಗ್‌ಗೆ ಸೇರಿ ಇನ್ನೂ ಒಂದು ವರ್ಷವಷ್ಟೇ ಆಗಿರುವ ಗೆಳೆಯನೊಬ್ಬನೊಂದಿಗೆ ಗ್ಲೌಸ್ ಹಾಕಿಕೊಂಡು ಹಗುರವಾಗಿ ಸ್ಪಾರಿಂಗ್ ಮಾಡಿದೆ. ಕಲಿತ ಪಟ್ಟುಗಳಲ್ಲಿ ಒಂದೂ ಹೊತ್ತಿಗೆ ಒದಗಲಿಲ್ಲ. ಆಮೇಲೆ ಅವನು ಚೀನಾದ ಶೂ ಶಿಯಾವೊದೊಂಗ್ ಎಂಬ ತರಬೇತುದಾರ ಕುಂಗ್ ಫು ಗುರುಗಳನ್ನು ಸೋಲಿಸುವ ವಿಡಿಯೊಗಳನ್ನು ಕಳುಹಿಸಿ, ಇಷ್ಟು ವರ್ಷ ವ್ಯರ್ಥ ಮಾಡಿದೆಯಲ್ಲ ಎಂದು ಛೇಡಿಸಿದ. ದೋಷ ನನ್ನದೋ, ವಿದ್ಯೆಯದೋ? ದಯವಿಟ್ಟು ತಿಳಿಸಿ.

ಉತ್ತರ:

ನಮಸ್ಕಾರ. ವಿಂಗ್ ಚುನ್‌ನಿಂದ ಆರಂಭಿಸಿ, ಅನಂತರ ಬಾಕ್ಸಿಂಗ್ ಮತ್ತು ಸಾನ್ದಾ (ಗುದ್ದು, ಒದೆತ, ಎಸೆತಗಳಿರುವ ಚೀನೀ ಸೆಣಸಾಟದ ಕ್ರೀಡೆ) ಕಲಿತು, ಈಗ ಮೂರನ್ನೂ ಹೇಳಿಕೊಡುವವನಾಗಿ ಉತ್ತರಿಸುತ್ತಿದ್ದೇನೆ. ವಿಂಗ್ ಚುನ್‌ನ ಪಟ್ಟುಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಆದರೆ ಇಂದು ಬಹಳ ಕಡೆ ಅದನ್ನು ಕಲಿಸುವ ಕ್ರಮದಲ್ಲಿ ಸೋಲಲು ಒಪ್ಪದ ಎದುರಾಳಿಗೆ ಜಾಗವೇ ಇಲ್ಲ. ನಿಮ್ಮ ಗೆಳೆಯ ಆ ಒಂದು ವರ್ಷದಲ್ಲಿ, ತನಗೆ ನಿಜವಾಗಿಯೂ ಹೊಡೆಯಲು ಯತ್ನಿಸುವವರ ಮುಂದೆ ಮತ್ತೆ ಮತ್ತೆ ನಿಂತಿರುತ್ತಾನೆ. ನೀವು ಅಷ್ಟೇ ಶ್ರದ್ಧೆಯಿಂದ ಮರದ ಬೊಂಬೆಯ ಮುಂದೆ ಮತ್ತು ನಿಮ್ಮೊಂದಿಗೆ ಸಹಕರಿಸುವ ಸಹಪಾಠಿಯ ಮುಂದೆ ನಿಂತಿದ್ದೀರಿ. ಅಂದು ಸೋಲು ನಿರ್ಧಾರವಾದದ್ದು ಅಲ್ಲಿಯೇ.

ವಿವರಕ್ಕೆ ಬರುತ್ತೇನೆ. ವಿಂಗ್ ಚುನ್‌ನ ಅಭ್ಯಾಸದ ಹೃದಯವೆಂದು ಹೇಳಲಾಗುವ ಚಿ ಸಾವ್, ಇಬ್ಬರ ಮುಂಗೈಗಳು ಆಗಲೇ ಪರಸ್ಪರ ತಾಗಿರುವ ಸ್ಥಿತಿಯಿಂದ ಆರಂಭವಾಗುತ್ತದೆ. ಎದುರಾಳಿಯ ಒತ್ತಡವನ್ನು ಚರ್ಮದಿಂದಲೇ ಗ್ರಹಿಸಿ, ತೆರವಾದ ದಾರಿಯಲ್ಲಿ ಕೈ ನುಗ್ಗಿಸುವ ಈ ಅಭ್ಯಾಸ ಸೊಗಸಾದದ್ದು ಮತ್ತು ಉಪಯುಕ್ತವೂ ಹೌದು. ಆದರೆ ಪೆಟ್ಟು ತಿನ್ನದೆ ಆ ಅಂತರಕ್ಕೆ ತಲುಪುವುದೇ ಹೊಡೆದಾಟದ ಅತ್ಯಂತ ಕಠಿಣವಾದ ಭಾಗ, ಮತ್ತು ಚಿ ಸಾವ್ ಆ ಭಾಗವನ್ನು ದಾಟಿದ ಮೇಲಿನಿಂದಲೇ ಪಾಠ ಶುರು ಮಾಡುತ್ತದೆ. ಬಾಕ್ಸರ್ ನಿಮ್ಮ ಕೈಗೆ ಎಟುಕದಷ್ಟು ದೂರ ನಿಂತು, ಒಂದು ಹೆಜ್ಜೆ ಒಳಗೆ ಬಂದು, ಜಾಬ್, ಎಂದರೆ ಮುಂದಿನ ಕೈಯ ಚುರುಕಾದ ನೇರ ಗುದ್ದು, ಮುಟ್ಟಿಸಿ, ಹೋದಷ್ಟೇ ವೇಗದಲ್ಲಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನಾವು ಪ್ರಾತ್ಯಕ್ಷಿಕೆಯಲ್ಲಿ ತೋರಿಸುವ ಬಂಧನಗಳೆಲ್ಲವೂ ಗುದ್ದು ಮಾಡಿದವನ ತೋಳು ಒಂದೆರಡು ಕ್ಷಣ ಗಾಳಿಯಲ್ಲೇ ಚಾಚಿಕೊಂಡಿರುತ್ತದೆ ಎಂದು ನಂಬಿಕೊಂಡಿರುತ್ತವೆ. ಸಹಪಾಠಿ ಸೌಜನ್ಯದಿಂದ ಹಾಗೆ ಚಾಚಿಕೊಂಡಿರುತ್ತಾನೆ, ಗೆಳೆಯನಿಗೆ ಆ ಸೌಜನ್ಯದ ಅಗತ್ಯವಿರಲಿಲ್ಲ. ಎರಡನೆಯ ತೊಂದರೆ ಹುಕ್‌ಗೆ ಸಂಬಂಧಿಸಿದ್ದು. ದೇಹದ ಮಧ್ಯರೇಖೆಯನ್ನು ಕಾಯುವ ನಮ್ಮ ಎರಡೂ ಕೈಗಳು ಎದೆಯ ಮುಂದೆ ಒಂದರ ಹಿಂದೊಂದು ಇರುವುದರಿಂದ, ಪಕ್ಕದಿಂದ ಬಳಸಿ ಬರುವ ಗುದ್ದಿಗೆ ದವಡೆ ಸುಲಭವಾಗಿ ಸಿಗುತ್ತದೆ. ತಲೆಯನ್ನು ನೆಟ್ಟಗಿಟ್ಟು, ಅತ್ತಿತ್ತ ಸರಿಸದೆ ನಿಲ್ಲುವುದನ್ನೇ ಶಿಸ್ತೆಂದು ಕಲಿಸುವ ಶಾಲೆಗಳಲ್ಲಂತೂ ಈ ಅಪಾಯ ಇಮ್ಮಡಿಯಾಗುತ್ತದೆ. ಎದುರಾಳಿ ಸೊಂಟಕ್ಕೆ ಬಾಗಿ ಕಾಲುಗಳನ್ನು ಹಿಡಿದರೆ ಏನು ಮಾಡಬೇಕೆಂಬುದಕ್ಕೆ ನಮ್ಮ ಮೂರು ವರಸೆಗಳಲ್ಲಿ ನಂಬಬಹುದಾದ ಉತ್ತರವಿಲ್ಲ ಎಂಬುದನ್ನೂ ನೇರವಾಗಿಯೇ ಹೇಳಬೇಕು.

ಕೆಲಸಕ್ಕೆ ಬರುವುದೂ ಸಾಕಷ್ಟಿದೆ. ಪಾಕ್ ಸಾವ್, ಎಂದರೆ ಬರುವ ಗುದ್ದನ್ನು ಅಂಗೈಯಿಂದ ತಟ್ಟಿ ದಾರಿ ತಪ್ಪಿಸುವುದು, ಸ್ವಲ್ಪ ಬೇರೆ ರೂಪದಲ್ಲಿ ಬಾಕ್ಸಿಂಗ್‌ನಲ್ಲಿಯೂ ಪ್ರತಿದಿನ ನಡೆಯುತ್ತದೆ. ಮೈಗೆ ಮೈ ತಾಗುವಷ್ಟು ಹತ್ತಿರ ಬಂದಾಗ, ಕ್ಲಿಂಚ್ (ಒಬ್ಬರನ್ನೊಬ್ಬರು ತಬ್ಬಿಕೊಳ್ಳುವ ಹಿಡಿತ) ಹಿಡಿಯುವ ಮುನ್ನ, ಕೈಗಳ ಮೇಲಿನ ಹಿಡಿತ ಮತ್ತು ಮೊಣಕೈಯ ಬಳಕೆ ಬಹಳ ನೆರವಾಗುತ್ತವೆ. ಎದುರಾಳಿಯ ಮೊಣಕಾಲಿನ ಮೇಲೆ ಪಾದವನ್ನು ಓರೆಯಾಗಿ ತುಳಿಯುವ ಒದೆತವನ್ನು ಜಾನ್ ಜೋನ್ಸ್ ಅವರಂತಹ ಯುಎಫ್‌ಸಿ (ಮಿಶ್ರ ಸಮರಕಲೆಗಳ ಪಂದ್ಯಾವಳಿ) ಚಾಂಪಿಯನ್ನರು ಅಂತರ ಕಾಯ್ದುಕೊಳ್ಳಲು ಯಶಸ್ವಿಯಾಗಿ ಬಳಸಿದ್ದಾರೆ. ಆ ಒದೆತ ವಿಂಗ್ ಚುನ್‌ನಲ್ಲಿಯೂ ಇದೆ.

ಇನ್ನು ವಿಡಿಯೊಗಳ ವಿಚಾರ. 2017ರ ಏಪ್ರಿಲ್‌ನಲ್ಲಿ ಚೆಂಗ್ಡುವಿನಲ್ಲಿ ಶೂ ಅವರು ತಾಯ್ ಚಿ ಗುರು ವೆಯ್ ಲೆಯ್ ಅವರನ್ನು ಅರ್ಧ ನಿಮಿಷವೂ ಕಳೆಯುವ ಮುನ್ನ ನೆಲಕ್ಕೆ ಕೆಡವಿದರು. 2018ರಲ್ಲಿ ಅವರೆದುರು ನಿಂತ ವಿಂಗ್ ಚುನ್ ಪಟು ದಿಂಗ್ ಹಾವೊ ಹಲವು ಬಾರಿ ಉರುಳಿ ಬಿದ್ದರೂ ಪಂದ್ಯವನ್ನು ಸಮಬಲವೆಂದು ಘೋಷಿಸಲಾಯಿತು. ನೋಡಿದವರಿಗೆ ಆ ತೀರ್ಪಿನ ಬಗ್ಗೆ ಹೇಳಬೇಕಾದದ್ದೇನೂ ಇಲ್ಲ. ಶೂ ಅವರು ವಿಶ್ವ ಚಾಂಪಿಯನ್ ಅಲ್ಲ, ಆ ಹೊತ್ತಿಗೆ ಯೌವನದ ಉತ್ತುಂಗವನ್ನೂ ದಾಟಿದ್ದರು. ಅಂಥವರೆದುರು ಈ ಗುರುಗಳು ನಿಲ್ಲಲಾಗಲಿಲ್ಲ ಎಂಬುದು ಶೈಲಿಗಿಂತ ಅವರ ಅಭ್ಯಾಸದ ಬಗೆಗೇ ಹೆಚ್ಚು ಹೇಳುತ್ತದೆ.

ಅದೇ ಸದಸ್ಯರ ಮರುಪ್ರಶ್ನೆ:

ವಿವರವಾದ ಉತ್ತರಕ್ಕೆ ಧನ್ಯವಾದಗಳು ಸರ್. ಆದರೆ ನಮ್ಮ ಗುರುಗಳ ವಾದ ಬೇರೆ. ಕಣ್ಣು, ಗಂಟಲು, ತೊಡೆಸಂದಿಗೆ ಗುರಿಯಿಡುವ ನಮ್ಮ ಪಟ್ಟುಗಳು ಪ್ರಾಣಾಪಾಯಕಾರಿಯಾದ್ದರಿಂದ ರಿಂಗ್‌ನಲ್ಲಿ ಬಳಸುವಂತಿಲ್ಲ, ಹಾಗಾಗಿ ರಿಂಗ್‌ನ ಸೋಲು ಸೋಲಲ್ಲ ಎನ್ನುತ್ತಾರೆ. ಇದರಲ್ಲಿ ಹುರುಳಿದೆಯೇ?

ಉತ್ತರ:

ಹುರುಳು ಸ್ವಲ್ಪ ಇದೆ. ರಿಂಗ್‌ನಲ್ಲಿ ಒಬ್ಬನೇ ಎದುರಾಳಿ, ಸಮಾನ ತೂಕ, ಮೆತ್ತನೆಯ ನೆಲ, ನಿಲ್ಲಿಸಲು ರೆಫರಿ. ಬೀದಿಯಲ್ಲಿ ಇವು ಯಾವುವೂ ಇಲ್ಲ, ಚಾಕು ಇರಬಹುದು. ಆದರೆ ಈ ವ್ಯತ್ಯಾಸದಿಂದ ವಿಂಗ್ ಚುನ್ ಕಲಿತವನಿಗೆ ಮಾತ್ರ ವಿಶೇಷ ಲಾಭ ಹೇಗೆ ಬರುತ್ತದೆ ಎಂಬುದನ್ನು ಯಾರೂ ವಿವರಿಸುವುದಿಲ್ಲ. ಅಲುಗಾಡುವ ಮುಖದ ಮೇಲಿನ ದವಡೆಯಷ್ಟು ದೊಡ್ಡ ಗುರಿಗೆ ಮುಷ್ಟಿ ತಾಗಿಸಲಾರದವನು ಅದೇ ಮುಖದ ಕಣ್ಣಿಗೆ ಬೆರಳು ತಾಗಿಸುತ್ತಾನೆ ಎಂದು ನಂಬುವುದು ಕಷ್ಟ. ಆ ಪಟ್ಟು ಬಾಕ್ಸರನಿಗೂ ನಿಷೇಧವಲ್ಲ. ಬೀದಿಯಲ್ಲಿ ಅವನೂ ಕಣ್ಣಿಗೆ ಕೈ ಹಾಕಬಹುದು, ಮತ್ತು ಅವನ ಕೈಗೆ ಗುರಿ ಮುಟ್ಟುವ ರೂಢಿ ಆಗಲೇ ಇದೆ. 1994ರ ಯುಎಫ್‌ಸಿ ಪಂದ್ಯಗಳಲ್ಲಿ ತೊಡೆಸಂದಿಗೆ ಹೊಡೆಯಲು ಅವಕಾಶವಿತ್ತು. ಆಗಲೂ ಮೇಲುಗೈ ಸಾಧಿಸಿದ್ದು, ಹಿಡಿದು ಕೆಡವಿ ಉಸಿರುಕಟ್ಟಿಸುವುದನ್ನು ನಿತ್ಯವೂ ಪೂರ್ಣ ಬಲದಿಂದ ಅಭ್ಯಾಸ ಮಾಡಿದ್ದ ರಾಯ್ಸ್ ಗ್ರೇಸಿ ಅವರೇ.

ಈ ಸಮಸ್ಯೆಗೆ ಜಪಾನಿನ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಸ್ಥಾಪಿಸಿದಾಗಲೇ ಒಂದು ಮದ್ದು ಕಂಡುಕೊಂಡಿದ್ದರು. ಹಳೆಯ ಜುಜುತ್ಸುವಿನ ಅಪಾಯಕಾರಿ ಪಟ್ಟುಗಳನ್ನು ವರಸೆಗಳಿಗೆ ಸೀಮಿತಗೊಳಿಸಿ, ಉಳಿದವನ್ನು ಇಬ್ಬರೂ ಪೂರ್ಣ ಬಲದಿಂದ, ಪರಸ್ಪರ ವಿರೋಧಿಸುತ್ತಾ ಅಭ್ಯಾಸ ಮಾಡುವಂತೆ ಅವರು ಜೂಡೊವನ್ನು ರೂಪಿಸಿದರು. ಹತ್ತು ಘಾತಕ ಪಟ್ಟುಗಳನ್ನು ಊಹೆಯಲ್ಲಿ ಬಲ್ಲವನಿಗಿಂತ, ಒಂದೇ ಒಂದು ಎಸೆತವನ್ನು ಒಲ್ಲದವನ ಮೇಲೆ ಸಾವಿರ ಬಾರಿ ಪ್ರಯೋಗಿಸಿದವನು ಅಪಾಯಕಾರಿ. ನಮ್ಮ ಗರಡಿಮನೆಗಳ ಪೈಲ್ವಾನರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅಲ್ಲಿ ಸಾಮು ಎಷ್ಟು ಮಾಡಿದರೂ ಮಟ್ಟಿಯಲ್ಲಿ ಜೋಡಿಯೊಂದಿಗೆ ಸೆಣಸದವನನ್ನು ಕುಸ್ತಿಪಟು ಎನ್ನುವುದಿಲ್ಲ.

ಬೀದಿಯ ಮಾತು ಬಂದದ್ದರಿಂದ ಕಾನೂನಿನ ಬಗ್ಗೆಯೂ ಒಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡುತ್ತವೆಯಾದರೂ, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ ಎಂದು 37ನೆಯ ಕಲಂ ಮಿತಿ ಹಾಕುತ್ತದೆ. ಪಾರ್ಕಿಂಗ್ ಜಗಳದಲ್ಲಿ ಒಬ್ಬನ ಕಣ್ಣು ಕಿತ್ತವನಿಗೆ ‘ನಮ್ಮ ಶೈಲಿಯೇ ಹಾಗೆ’ ಎಂಬ ಸಮಜಾಯಿಷಿ ನ್ಯಾಯಾಲಯದಲ್ಲಿ ನೆರವಾಗದು.

ಮತ್ತೊಬ್ಬ ಸದಸ್ಯರ ಪ್ರಶ್ನೆ:

ಸರ್, ತಾವು ವಿಂಗ್ ಚುನ್ ಪರಂಪರೆಗೆ ಅನ್ಯಾಯ ಮಾಡುತ್ತಿದ್ದೀರಿ ಎನಿಸುತ್ತದೆ. ಹಾಂಗ್‌ಕಾಂಗ್‌ನ ತಾರಸಿಗಳ ಮೇಲೆ ವಿಂಗ್ ಚುನ್ ಗುರು ಇಪ್ ಮ್ಯಾನ್ ಅವರ ಶಿಷ್ಯರು ಗ್ಲೌಸ್ ಇಲ್ಲದೆ ಎಷ್ಟೋ ಕಾಳಗಗಳನ್ನು ಗೆದ್ದಿಲ್ಲವೇ? ಕುಂಗ್ ಫು ರಣರಂಗದಲ್ಲಿಯೇ ಹುಟ್ಟಿದ ವಿದ್ಯೆಯಲ್ಲವೇ?

ಉತ್ತರ:

ನಿಮ್ಮ ಆಕ್ಷೇಪಣೆಯ ಮೊದಲ ಭಾಗ ಸರಿಯಾಗಿದೆ. ಅದು ನನ್ನ ಮಾತನ್ನೇ ಸಮರ್ಥಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಫೋಶಾನ್‌ನಿಂದ ಬಂದು ನೆಲೆಸಿದ ಇಪ್ ಮ್ಯಾನ್, 1950ರಿಂದ ಹಾಂಗ್‌ಕಾಂಗ್‌ನ ಹೋಟೆಲ್ ಕಾರ್ಮಿಕರ ಸಂಘದಲ್ಲಿ ಪಾಠ ಆರಂಭಿಸಿದರು. ಆ ದಶಕದಲ್ಲಿ ಅವರ ಶಿಷ್ಯ ವೊಂಗ್ ಶುನ್ ಲೆಯುಂಗ್ ಇತರ ಶೈಲಿಗಳ ಯುವಕರೊಂದಿಗೆ ನಡೆಸಿದ ‘ಬೆಯ್ ಮೊ’ ಕಾಳಗಗಳಿಂದಲೇ ವಿಂಗ್ ಚುನ್‌ಗೆ ಹೆಸರು ಬಂತು. ಆ ಕಾಳಗಗಳಲ್ಲಿ ಎದುರಾಳಿ ಸಹಕರಿಸುತ್ತಿರಲಿಲ್ಲ, ಯಾವ ಪಟ್ಟು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ಅಲ್ಲಿಯೇ ಇತ್ಯರ್ಥವಾಗುತ್ತಿತ್ತು. ಇನ್ನೊಂದು ಸಂಗತಿಯನ್ನು ಪರಂಪರೆಯ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ: ವೊಂಗ್ ಅವರು ಇಪ್ ಮ್ಯಾನ್ ಬಳಿಗೆ ಬರುವ ಮೊದಲೇ ಬಾಕ್ಸಿಂಗ್ ಅಭ್ಯಾಸ ಮಾಡಿದ್ದರು. ಅವರು ಸೆಣಸಿದವರಲ್ಲಿ ಹೆಚ್ಚಿನವರು ಇತರ ಸಾಂಪ್ರದಾಯಿಕ ಶೈಲಿಗಳವರು ಎಂಬುದನ್ನೂ ಮರೆಯಬಾರದು. ವೊಂಗ್ ಅವರ ಬಳಿಯೂ ಕಲಿತ ಬ್ರೂಸ್ ಲೀ, 1964ರಲ್ಲಿ ಅಮೆರಿಕದ ಓಕ್‌ಲೆಂಡ್‌ನಲ್ಲಿ ವೊಂಗ್ ಜ್ಯಾಕ್ ಮ್ಯಾನ್ ಅವರೊಂದಿಗೆ ನಡೆದ ಕಾಳಗದ ಬಳಿಕ ತಮ್ಮ ದಮ್ಮು ಮತ್ತು ಶೈಲಿ ಎರಡರ ಮಿತಿಯನ್ನೂ ಕಂಡು, ಬಾಕ್ಸಿಂಗ್ ಮತ್ತು ಫೆನ್ಸಿಂಗ್‌ನಿಂದ ಬೇಕಾದುದನ್ನು ಎರವಲು ಪಡೆದರು. ತಾರಸಿಗಳು ಹೋದವು, ಕಾಳಗಗಳು ನಿಂತವು, ಆ ಕಾಳಗಗಳ ಕೀರ್ತಿ ಮಾತ್ರ ಇಂದಿನ ತರಗತಿಗಳ ಜಾಹೀರಾತಿಗೆ ಬಂದಿದೆ.

ಎರಡನೆಯ ಭಾಗವನ್ನು ಒಪ್ಪಲಾರೆ. ಮಿಂಗ್ ರಾಜವಂಶದ ಸೇನಾಪತಿ ಚಿ ಜಿಗುವಾಂಗ್ 16ನೆಯ ಶತಮಾನದಲ್ಲಿ ಕಡಲ್ಗಳ್ಳರ ವಿರುದ್ಧ ಸೈನ್ಯ ಕಟ್ಟಿದಾಗ ಬರೆದ ಯುದ್ಧಗ್ರಂಥದಲ್ಲಿ, ಬರಿಗೈ ಕಾಳಗ ದೊಡ್ಡ ಯುದ್ಧಕ್ಕೆ ಸಂಬಂಧಿಸಿದ್ದಲ್ಲವೆಂದೂ, ಕೈಕಾಲುಗಳನ್ನು ಹದಗೊಳಿಸಿ ಶಸ್ತ್ರವಿದ್ಯೆಗೆ ಪ್ರವೇಶ ಕೊಡುವುದೇ ಅದರ ಪ್ರಯೋಜನವೆಂದೂ ತಿಳಿಸಿದ್ದಾನೆ. ಚೀನೀಯರೂ ಈ ಪರೀಕ್ಷೆಯಿಂದ ತಪ್ಪಿಸಿಕೊಂಡವರಲ್ಲ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸ್ಥಾಪನೆಯಾದ ಕೇಂದ್ರ ಗುವೊಶು (ರಾಷ್ಟ್ರೀಯ ಸಮರಕಲೆ) ಸಂಸ್ಥೆ ಅದೇ ವರ್ಷ ರಾಷ್ಟ್ರಮಟ್ಟದ ಪರೀಕ್ಷೆ ನಡೆಸಿ, ವರಸೆ ತೋರಿಸಿದವರನ್ನು ವೇದಿಕೆಯ ಮೇಲೆ ಕಾದಾಡಲೂ ಇಳಿಸಿತು. 1954ರಲ್ಲಿ ಮಕಾವುವಿನಲ್ಲಿ ತಾಯ್ ಚಿಯ ವು ಗೊಂಗ್‌ಯಿ ಮತ್ತು ಬಿಳಿ ಕೊಕ್ಕರೆ ಶೈಲಿಯ ಚಾನ್ ಹಾಕ್ ಫು ನಡುವೆ ನಡೆದ ಸಹಾಯಾರ್ಥ ಪಂದ್ಯದ ಚಿತ್ರೀಕರಣ ಇಂದಿಗೂ ಲಭ್ಯವಿದೆ. ಅದನ್ನು ನೋಡಿದರೆ, ಒತ್ತಡ ಬಂದೊಡನೆ ಎರಡೂ ಶೈಲಿಗಳ ಚೆಲುವು ಕರಗಿ, ಇಬ್ಬರೂ ತೋಳು ಬೀಸುವುದು ಕಾಣಿಸುತ್ತದೆ. 1979ರಿಂದ ಚೀನಾದ ಕ್ರೀಡಾ ಇಲಾಖೆ ಪ್ರಾಯೋಗಿಕವಾಗಿ ಬೆಳೆಸಿದ ಸಾನ್ದಾ, ಅದೇ ನೆಲದ ಗುದ್ದು, ಒದೆತ ಮತ್ತು ಎಸೆತಗಳನ್ನು ಗ್ಲೌಸ್ ಹಾಕಿಸಿ ನಿತ್ಯದ ಸೆಣಸಾಟಕ್ಕೆ ಒಡ್ಡಿತು. ಆ ಸಾನ್ದಾದಿಂದ ಬಂದ ಜಾಂಗ್ ವೆಯ್‌ಲಿ 2019ರಲ್ಲಿ ಶೆನ್‌ಜೆನ್‌ನಲ್ಲಿ ಒಂದು ನಿಮಿಷದೊಳಗೆ ಯುಎಫ್‌ಸಿ ಪ್ರಶಸ್ತಿ ಗೆದ್ದರು. ಕುಂಗ್ ಫು ಕಾದಾಡಬಲ್ಲದೇ ಎಂಬ ಪ್ರಶ್ನೆಗೆ ನಾನು ತೋರಿಸುವುದು ಅವರನ್ನು.

ಒಬ್ಬ ತಾಯಿಯ ಪ್ರಶ್ನೆ:

ಸರ್, ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ, ತೆಳ್ಳಗಿದ್ದಾಳೆ. ವಿಂಗ್ ಚುನ್ ಒಬ್ಬ ಸನ್ಯಾಸಿನಿ ರೂಪಿಸಿದ ಶೈಲಿ, ಬಲಹೀನರು ಬಲಶಾಲಿಗಳನ್ನು ಸೋಲಿಸಲೆಂದೇ ಇದೆ ಎಂದು ತರಗತಿಯವರು ಹೇಳಿದರು. ಸೇರಿಸಬಹುದೇ?

ಉತ್ತರ:

ಅಮ್ಮಾ, ಸನ್ಯಾಸಿನಿ ಎಂಗ್ ಮುಯ್ ಮತ್ತು ಆಕೆಯ ಶಿಷ್ಯೆ ಯಿಮ್ ವಿಂಗ್ ಚುನ್ ಅವರ ಕಥೆ ದಂತಕಥೆ. ಅದಕ್ಕೆ ಐತಿಹಾಸಿಕ ಆಧಾರವಿಲ್ಲ. ಈ ಶೈಲಿಯ ಪರಂಪರೆ ಸ್ವಲ್ಪ ಗಟ್ಟಿಯಾಗಿ ಕಾಣಿಸತೊಡಗುವುದು 19ನೆಯ ಶತಮಾನದ ಫೋಶಾನ್‌ನ ವೈದ್ಯ ಲೆಯುಂಗ್ ಜಾನ್ ಅವರ ಕಾಲದಿಂದ. ತೂಕ ಮತ್ತು ಬಲದ ಅಂತರವನ್ನು ಯಾವ ಶೈಲಿಯೂ ಅಳಿಸಲಾರದು, ಆದ್ದರಿಂದಲೇ ಬಾಕ್ಸಿಂಗ್, ಕುಸ್ತಿ, ಜೂಡೊ ಎಲ್ಲದರಲ್ಲಿಯೂ ತೂಕದ ವಿಭಾಗಗಳಿವೆ. ಹೆಣ್ಣುಮಕ್ಕಳ ಮೇಲಿನ ದಾಳಿಗಳಲ್ಲಿ ಕೈ ಹಿಡಿಯುವುದು, ಎಳೆಯುವುದು, ಒತ್ತಿ ಹಿಡಿಯುವುದು ಸಾಮಾನ್ಯವಾದುದರಿಂದ, ಹಿಡಿತ ಬಿಡಿಸಿಕೊಂಡು ಮತ್ತೆ ಎದ್ದು ನಿಲ್ಲುವುದನ್ನು ನಿಜವಾದ ಪ್ರತಿರೋಧದ ಎದುರು ಕಲಿಸುವ ಜೂಡೊವನ್ನೇ ನಾನು ಮೊದಲು ಸೂಚಿಸುತ್ತೇನೆ. ಮಗಳಿಗೆ ವಿಂಗ್ ಚುನ್ ಇಷ್ಟವಾದರೆ ಖಂಡಿತ ಸೇರಿಸಿ, ಏಕೆಂದರೆ ಆಸಕ್ತಿಯಿಂದ ಹೋಗುವ ತರಗತಿಯೇ ಒಳ್ಳೆಯ ತರಗತಿ. ಆದರೆ ದೈಹಿಕವಾಗಿ ದೊಡ್ಡವನನ್ನು ಸೋಲಿಸಬಲ್ಲೆ ಎಂಬ ಭರವಸೆಯನ್ನು ಅವಳ ಮನಸ್ಸಿನಲ್ಲಿ ಬಿತ್ತಲು ಬಿಡಬೇಡಿ. ಬಿಡಿಸಿಕೊಂಡ ಕೂಡಲೇ ಓಡುವುದು, ಕೂಗುವುದು ಮತ್ತು 112ಕ್ಕೆ ಕರೆ ಮಾಡುವುದು ಅವಳಿಗೆ ಎರಡನೆಯ ಯೋಚನೆಯಿಲ್ಲದೆ ಬರಬೇಕು.

ಮೊದಲ ಸದಸ್ಯರು:

ಹಾಗಾದರೆ ನಾನು ವಿಂಗ್ ಚುನ್ ಬಿಡಬೇಕೇ ಸರ್? ಗುರುಗಳ ಮೇಲೆ ನನಗೆ ಗೌರವವಿದೆ.

ಉತ್ತರ:

ಬಿಡುವ ಅಗತ್ಯವಿಲ್ಲ. ಮೊದಲು ಗುರುಗಳನ್ನೇ ವಿನಯದಿಂದ ಕೇಳಿ: ಚಿ ಸಾವ್ ಅನ್ನು ಕೈ ತಾಗಿಸಿಕೊಂಡ ಸ್ಥಿತಿಗೆ ಬದಲಾಗಿ ಎರಡು ಹೆಜ್ಜೆ ದೂರದಿಂದ ಆರಂಭಿಸಬಹುದೇ, ಎದುರಿನವರು ಹುಕ್ ಹೊಡೆಯಬಹುದೇ, ಕಾಲು ಹಿಡಿಯಬಹುದೇ ಎಂದು. ಒಪ್ಪಿದರೆ ನೀವು ಅದೃಷ್ಟವಂತರು. ಒಪ್ಪದಿದ್ದರೆ ಅವರಲ್ಲಿ ವರಸೆಗಳನ್ನು ಮುಂದುವರಿಸುತ್ತಾ, ವಾರಕ್ಕೆರಡು ದಿನ ಯಾವುದಾದರೂ ಬಾಕ್ಸಿಂಗ್ ಅಥವಾ ಸಾನ್ದಾ ತರಗತಿಗೆ ಹೋಗಿ. ಮೊದಲ ಕೆಲವು ತಿಂಗಳು ಅಲ್ಲಿ ವಿಂಗ್ ಚುನ್ ಬಳಸಲು ಯತ್ನಿಸದೆ, ಕಾಲಿನ ಚಲನೆ, ಅಂತರದ ಅಂದಾಜು ಮತ್ತು ಪೆಟ್ಟು ತಿಂದಾಗ ಕಣ್ಣು ಮುಚ್ಚದಿರುವುದನ್ನಷ್ಟೇ ಕಲಿಯಿರಿ. ಅನಂತರ ಪಾಕ್ ಸಾವ್ ಒಂದನ್ನೇ ಸ್ಪಾರಿಂಗ್‌ಗೆ ತನ್ನಿ. ಅದು ಕೈಗೆ ಬಂದ ಮೇಲೆ ಓರೆ ಒದೆತವನ್ನು. ಎರಡೂ ಕೈಗಳಿಂದ ಒಂದರ ಹಿಂದೊಂದು ವೇಗವಾಗಿ ಹೊಡೆಯುವ ಸರಪಳಿ ಗುದ್ದುಗಳನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಎದುರಾಳಿ ಆಗಲೇ ತತ್ತರಿಸಿ ಹಿಂದೆ ಸರಿಯುತ್ತಿರುವಾಗ ಮಾತ್ರ ಅವು ಫಲ ಕೊಡುವುದನ್ನು ಕಂಡಿದ್ದೇನೆ. ಸ್ಪಾರಿಂಗ್‌ಗೆ 16 ಔನ್ಸ್ ಗ್ಲೌಸ್ ಮತ್ತು ಹಲ್ಲಿನ ಗಾರ್ಡ್ ಕಡ್ಡಾಯವಾಗಿರಲಿ, ಮತ್ತು ತಲೆಗೆ ಬಲವಾದ ಪೆಟ್ಟು ಬಿದ್ದು ತಲೆಸುತ್ತು ಅಥವಾ ವಾಕರಿಕೆ ಬಂದರೆ ಅಂದೇ ಅಭ್ಯಾಸ ನಿಲ್ಲಿಸಿ, ವೈದ್ಯರು ಒಪ್ಪುವವರೆಗೆ ಮತ್ತೆ ಸ್ಪಾರಿಂಗ್‌ಗೆ ಇಳಿಯಬೇಡಿ.