ಗಣಪ, ಲಿಸಾ ಮತ್ತು ನಮ್ಮನೆ ಗುಂಪು

ನಮ್ಮ ಯಜಮಾನರ ಮನೆಕಡೆಯ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಮೂವತ್ತೊಂದು ಜನ. ಅಲ್ಲಿ ಬರುವುದು ಹುಟ್ಟುಹಬ್ಬದ ಕೇಕು, ಏಕಾದಶಿಯ ನೆನಪು, ಯಾರಿಗೋ ತುರ್ತಾಗಿ ಬೇಕಾದ ರಕ್ತ, ಇಷ್ಟೇ. ಮೊನ್ನೆ ಭಾನುವಾರ ಮಾತ್ರ ನಮ್ಮ ಭಾವನವರೂ ನನ್ನ ಮಗಳೂ ಜಟಾಪಟಿಗೆ ಬಿದ್ದು ನನ್ನ ಮಧ್ಯಾಹ್ನದ ನಿದ್ದೆ ಹಾಳು ಮಾಡಿದರು. ಎಲ್ಲರನ್ನೂ ಕೇಳಿ, ಹೆಸರು ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ. ಹೆಬ್ಬೆರಳು, ಕೈಮುಗಿದ ಗುರುತುಗಳನ್ನೆಲ್ಲ ಕಿತ್ತಿದ್ದೇನೆ. ಇಲ್ಲದಿದ್ದರೆ ಇದು ಮೂರು ಪಟ್ಟು ಉದ್ದ ಆಗುತ್ತಿತ್ತು.

ಶ್ರೀಧರ ಭಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ! ಎಚ್ಚರ! ಕೊರಿಯಾದ ಹುಡುಗಿಯರು ನಮ್ಮ ವಿಘ್ನೇಶ್ವರನನ್ನು ಕಾಲಡಿ ಇಟ್ಟು ಕುಣಿಯುತ್ತಿದ್ದಾರೆ. ನಮ್ಮ ಮಕ್ಕಳು ಇಂಥವರಿಗೇ ಹುಚ್ಚಾಗಿದ್ದಾರೆ. ಈ ಫೋಟೊ 10 ಗುಂಪಿಗೆ ಕಳಿಸಿ. ಸುಮ್ಮನಿದ್ದವರು ನಮ್ಮವರಲ್ಲ.

ಶ್ರೀಧರ ಭಾವ: ಅನಘಾ, ನಿನ್ನ ರೂಮಿನ ಗೋಡೆ ಮೇಲಿರೋದು ಇವರೇ ಅಲ್ವೇನಮ್ಮ?

ಅನಘಾ: ಹೌದು ದೊಡ್ಡಪ್ಪ, ಇವರೇ. ಬ್ಲ್ಯಾಕ್‌ಪಿಂಕ್ ಅನ್ನೋ ಹಾಡುಗಾರ್ತಿಯರ ತಂಡ. ಆದ್ರೆ ಈ ಫೋಟೊ 2020ರದ್ದು. ಆ ವರ್ಷ ಜೂನ್ 26ಕ್ಕೆ ‘ಹೌ ಯು ಲೈಕ್ ದಟ್’ ಅನ್ನೋ ಹಾಡಿನ ವಿಡಿಯೊ ಬಂತು, ಮೊದಲ 24 ಗಂಟೆಗೇ 8.63 ಕೋಟಿ ವ್ಯೂಸ್. ಅದರಲ್ಲಿ ತಂಡದ ಲಿಸಾ ಚಿನ್ನದ ಬಣ್ಣದ ಸಿಂಹಾಸನದ ಮೇಲೆ ಕೂತಿರ್ತಾಳೆ. ಗಣಪನ ಮೂರ್ತಿ ಪಕ್ಕದಲ್ಲಿ, ನೆಲದ ಮೇಲೆ. ಕಾಲಡಿ ಅಲ್ಲ. ಗಲಾಟೆ ಆಗಿ ಸ್ವಲ್ಪ ದಿನಕ್ಕೇ ಅವರ ಕಂಪನಿ ವೈಜಿಯವರು ಮೂರ್ತಿ ತೆಗೆದ್ರು. ಈಗ ಯೂಟ್ಯೂಬಲ್ಲಿ ಹುಡುಕಿ, ಇಲ್ಲ.

ಶ್ರೀಧರ ಭಾವ: ನೆಲದ ಮೇಲೆ ಇಟ್ಟಿದ್ದಂತೂ ನಿಜ ತಾನೆ. ದೇವರನ್ನ ಕೆಳಗಿಟ್ಟು ತಾನು ಮೇಲೆ ಕೂರೋದು ಕಾಲಡಿ ಅಲ್ಲದೆ ಇನ್ನೇನು? ಅವಳ ಪರ ವಕಾಲತ್ತು ಬೇಡ.

ಅನಘಾ: ವಕಾಲತ್ತಲ್ಲ ದೊಡ್ಡಪ್ಪ. ತೆಗೆಸಿದ್ದು ಯಾರು ಗೊತ್ತಾ? ನಾವೇ.

ಶ್ರೀಧರ ಭಾವ: ನಾವೇ ಅಂದ್ರೆ?

ಅನಘಾ: ಬ್ಲಿಂಕ್‌ಗಳು. ಅಂದ್ರೆ ಅವರ ಫ್ಯಾನ್ಸ್. ಇಲ್ಲಿಯ ಹುಡುಗೀರೇ ಟ್ವಿಟರ್‌ನಲ್ಲಿ ಕೂತು ಆ ಕಂಪನಿಗೆ ಬರೆದಿದ್ದು. ನಾನಾಗ ಎಂಟನೇ ಕ್ಲಾಸ್. ಆನ್‌ಲೈನ್ ಪಾಠಕ್ಕೆ ಅಂತ ಅಪ್ಪ ಕೊಡಿಸಿದ ಫೋನಲ್ಲಿ ಸಮಾಜ ವಿಜ್ಞಾನದ ಪೀರಿಯಡ್ ಪೂರ್ತಿ ಟ್ವೀಟ್ ಮಾಡಿದ್ದೆ. ನೀವು ನೋಡ್ತಿರೋದು ಈಗ, ನಾವು ಅತ್ತು ಮುಗಿಸಿ ಐದು ವರ್ಷ ಆಯ್ತು.

(ಈ ಟ್ವೀಟಿನ ಕಥೆ ನನಗೂ ಹೊಸದು. ಆ ವಿಷಯ ಆಮೇಲೆ ಮನೆಯಲ್ಲಿ ಬೇರೆಯಾಗಿ ವಿಚಾರಣೆಗೆ ಬಂತು.)

ಸುಮಾ ಅತ್ತಿಗೆ: ಅಣ್ಣ, ಗಾಂಧಿಬಜಾರಿನ ಫುಟ್‌ಪಾತಲ್ಲಿ ಸಾಲಾಗಿ ಕೂತಿರೋ ಗಣಪತಿಗಳೂ ನೆಲದ ಮೇಲೇ ಇರೋದು. ನಮ್ಮ ಬಡಾವಣೆ ಪೆಂಡಾಲಲ್ಲಿ ಒಂದು ವರ್ಷ ಕ್ರಿಕೆಟ್ ಬ್ಯಾಟು, ಇನ್ನೊಂದು ವರ್ಷ ಕೂಲಿಂಗ್ ಗ್ಲಾಸು. ವಿಸರ್ಜನೆ ಮಾರನೇ ದಿನ ಕೆರೆ ದಂಡೆಗೆ ಹೋಗಿ ನೋಡು, ಒಂದು ಕಡೆ ಸೊಂಡಿಲು, ಇನ್ನೊಂದು ಕಡೆ ಹೊಟ್ಟೆ. ಅದಕ್ಕೆಲ್ಲ ಯಾರೂ 10 ಗುಂಪಿಗೆ ಕಳಿಸಲ್ಲ.

ಶ್ರೀಧರ ಭಾವ: ಅದು ಬೇರೆ, ಇದು ಬೇರೆ ಸುಮಾ. ನಾವು ತಂದು, ಕೂರಿಸಿ, ಕಡುಬು ಮಾಡಿಟ್ಟು, ಆಮೇಲೆ ಸಲಿಗೆ ತಗೊಳ್ತೀವಿ. ಮನೆ ಮಗುವನ್ನ ‘ಲೇ ಕೋತಿ’ ಅಂತ ನಾವು ಕರೀಬಹುದು. ಬೀದೀಲಿ ಹೋಗೋವ್ನು ಕರೆದರೆ?

ಅನಘಾ: ದೊಡ್ಡಪ್ಪ ಹೇಳಿದ್ದು ಸರಿ ಅತ್ತೆ. ಫುಟ್‌ಪಾತಲ್ಲಿ ಕೂತಿದ್ರೂ ಅವನು ಗಣಪನೇ. ಕೊಳ್ಳೋರು ಸೊಂಡಿಲು ಎಡಕ್ಕಾ ಬಲಕ್ಕಾ ನೋಡ್ತಾರೆ. ಆ ವಿಡಿಯೊದಲ್ಲಿ ಅವನು ಹೂಕುಂಡ. ಸೆಟ್ಟಿಗೊಂದು ‘ಪೂರ್ವದೇಶದ’ ಕಳೆ ಬೇಕಿತ್ತು, ತಂದಿಟ್ರು. ನನಗೆ ಹೊಟ್ಟೆ ಉರಿದಿದ್ದು ಅದಕ್ಕೆ.

(ಇಬ್ಬರೂ ಒಂದೇ ಕಡೆ ನಿಂತಿದ್ದಾರೆ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಮುಂದಿನ ಕಾಲು ಗಂಟೆ ಲಿಸಾ ಮೇಲೆ ಕಾದಾಡಿದರು.)

ಅನಘಾ: ಮತ್ತೆ ಲಿಸಾ ಕೊರಿಯಾದವಳೇ ಅಲ್ಲ, ಥಾಯ್ಲೆಂಡಿನವಳು. ಅಲ್ಲಿ ಗಣೇಶನಿಗೆ ‘ಫ್ರಾ ಫಿಕಾನೆತ್’ ಅಂತಾರೆ, ಕಲೆಯ ದೇವರು. ಅಲ್ಲಿಯ ಸರ್ಕಾರದ ಲಲಿತಕಲಾ ಇಲಾಖೆಯ ಲಾಂಛನದಲ್ಲೇ ಗಣಪ ಇದ್ದಾನೆ.

ಶ್ರೀಧರ ಭಾವ: ಆಹಾ! ಹಾಗಾದರೆ ಅವಳಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕಿತ್ತು. ನಿನ್ನ ಸಾಕ್ಷಿ ನನ್ನ ಕಡೆಗೇ ಬಂತಲ್ಲಮ್ಮ.

ವೆಂಕಟೇಶ (ಧಾರವಾಡ): ಶ್ರೀಧರ ಅವರ, ಆ ಹುಡುಗಿಗೆ ಸೆಟ್ ನೋಡಿ ‘ಇದನ್ನ ತಗೀರಿ’ ಅನ್ನೋ ಅಧಿಕಾರ ಇರ್ತದೇನ್ರಿ? ಏನು ಉಣ್ಣಬೇಕು, ಯಾವಾಗ ಮಲಗಬೇಕು ಅನ್ನೋದನ್ನೂ ಕಂಪನಿನೇ ಹೇಳ್ತದಂತ. ನಮ್ಮ ಕಡೆ ಮದುವ್ಯಾಗ ಮದುಮಗಳಿಗೆ ಹೆಂಗ ಸ್ಟೇಜ್ ಅಲಂಕಾರದ ಮ್ಯಾಲ ಮಾತಿರೂದಿಲ್ಲ, ಹಂಗ.

ಶ್ರೀಧರ ಭಾವ: ಇನ್ನೊಂದು ವಿಷಯ. ಕೊರಿಯಾದ ರಾಣಿಯೇ ನಮ್ಮ ಅಯೋಧ್ಯೆಯಿಂದ ಹೋದವಳು. ಅವರಿಗೆ ನಮ್ಮ ಸಂಸ್ಕೃತಿ ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ಪ್ರಶಾಂತ (ಸುವಾನ್, ದಕ್ಷಿಣ ಕೊರಿಯಾ): ಅಪ್ಪ, ಅದು ‘ಸಾಮ್ಗುಕ್ ಯುಸಾ’ ಅಂತ 13ನೇ ಶತಮಾನದ ಪುಸ್ತಕದಲ್ಲಿರೋ ಕಥೆ. ಕ್ರಿ.ಶ. 48ರಲ್ಲಿ ‘ಆಯುತ’ ಅನ್ನೋ ದೇಶದಿಂದ ಹಡಗಲ್ಲಿ ರಾಜಕುಮಾರಿ ಬಂದಳು, ಸುರೋ ರಾಜನನ್ನ ಮದುವೆಯಾದಳು ಅಂತ. ಆಯುತ ಅಂದ್ರೆ ಅಯೋಧ್ಯೆನೇ ಅಂತ ಎಲ್ಲ ಇತಿಹಾಸಕಾರರೂ ಒಪ್ಪಲ್ಲ. ಅಯೋಧ್ಯೆಯಲ್ಲಿ ಅವಳ ಸ್ಮಾರಕ ಇರೋದು ನಿಜ.

ವೆಂಕಟೇಶ (ಧಾರವಾಡ): ಅಂದ್ರ ಬೀಗರಾದ್ರು. ಬೀಗರ ಮ್ಯಾಲ ಸಿಟ್ಟು ಇರೂದು ಪದ್ಧತಿನ ಬಿಡ್ರಿ.

(ಇಲ್ಲಿ ಹನ್ನೊಂದು ನಗುವಿನ ಮುಖ. ನನಗೆ ಇಲ್ಲಿಗೇ ಮುಗಿಯಿತು ಅನ್ನಿಸಿ ಕುಕ್ಕರ್ ಇಡಲು ಎದ್ದೆ.)

ಪ್ರಶಾಂತ (ಸುವಾನ್): ನಿಮಗೆ ಯಾರಿಗೂ ಹೇಳಿರಲಿಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲ ಆಫೀಸಿನ ‘ಹ್ವೆಶಿಕ್’ ಇತ್ತು, ಅಂದ್ರೆ ಟೀಮಿನ ಊಟ. ಊಟ ಆದಮೇಲೆ ನೊರೆಬಾಂಗ್, ಅದು ಹಾಡೋ ರೂಮು. ನಮ್ಮ ಮ್ಯಾನೇಜರ್ ‘ಇದು ನಮ್ಮ ಇಂಡಿಯನ್ ತಮ್ಮನಿಗೆ’ ಅಂತ ಒಂದು ಹಾಡು ಹಾಕಿದ. ನೊರಾಜೊ ಅನ್ನೋ ಜೋಡಿಯ 2010ರ ‘ಕರಿ’. ಶಾಂತಿ ಅಂತೆ, ಕರಿ ಅಂತೆ, ಯೋಗ ಅಂತೆ, ನಮಸ್ತೆ ಅಂತೆ, ಎಲ್ಲ ಒಂದೇ ಪಾತ್ರೆಗೆ ಹಾಕಿ ತಿರುವಿದ ಹಾಗೆ. ಹದಿನಾಲ್ಕು ಜನ ಎದ್ದು ಕತ್ತು ಆಡಿಸಿಕೊಂಡು ನನ್ನ ಸುತ್ತ ಕುಣಿದರು. ಪ್ರೀತಿಯಿಂದಲೇ. ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಬಹುದಿತ್ತು. ನಾನೂ ಕತ್ತು ಆಡಿಸಿದೆ.

ಶ್ರೀಧರ ಭಾವ: ಯಾಕೆ ಹೇಳಲಿಲ್ಲ ಮಗಾ.

ಪ್ರಶಾಂತ (ಸುವಾನ್): ಏನಂತ ಹೇಳಲಿ ಅಪ್ಪ. ಉಪವಾಸ ಕೆಡವಿ ಮೀನು ತಿನ್ನಿಸಿದ್ರು ಅಂತ ಇದ್ದಿದ್ದರೆ ಹೇಳ್ತಿದ್ದೆ. ಹಾಡು ಹಾಡಿದ್ರು ಅಂತ ಹೇಗೆ ಹೇಳೋದು.

ಅನಘಾ: ಅಣ್ಣ, ನೊರಾಜೊದವರು 2020ರಲ್ಲಿ ಆ ಹಾಡಿಗೆ ಕ್ಷಮೆ ಕೇಳಿದ್ರು.

ಪ್ರಶಾಂತ (ಸುವಾನ್): ಗೊತ್ತು. ನಮ್ಮ ಮ್ಯಾನೇಜರಿಗೆ ಗೊತ್ತಿಲ್ಲ.

ಶ್ರೀಧರ ಭಾವ: ನೋಡಿದ್ರಾ! ನಾನು ಹೇಳಿದ್ದೇ ಇದು. ಇಂಥ ನೋವು ಅವರಿಗೆ ಅರ್ಥವೇ ಆಗಲ್ಲ.

ಪ್ರಶಾಂತ (ಸುವಾನ್): ಚೆನ್ನಾಗೇ ಅರ್ಥ ಆಗುತ್ತೆ ಅಪ್ಪ. 2022ರ ಫೆಬ್ರವರಿ 4ಕ್ಕೆ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ. ಚೀನಾದವರು ತಮ್ಮ ದೇಶದ ಬೇರೆ ಬೇರೆ ಜನಾಂಗಗಳನ್ನ ತೋರಿಸುವಾಗ ಒಬ್ಬ ಹೆಂಗಸು ಹಾನ್‌ಬೊಕ್, ಅಂದ್ರೆ ಕೊರಿಯಾದ ಸಾಂಪ್ರದಾಯಿಕ ಉಡುಪು, ಉಟ್ಟು ಬಂದಳು. ಚೀನಾದಲ್ಲಿ ಕೊರಿಯನ್ ಮೂಲದವರು ಲಕ್ಷಾಂತರ ಜನ ಇದ್ದಾರೆ, ಅವಳು ಅವರ ಪ್ರತಿನಿಧಿ. ಆದ್ರೂ ಇಲ್ಲಿ ಹೊತ್ತಿ ಉರೀತು. ‘ನಮ್ಮ ಉಡುಪು ಕದ್ದರು’ ಅಂತ. 2020ರ ಕೊನೆಗೆ ಇಲ್ಲಿಯ ಉಪ್ಪಿನಕಾಯಿ ಥರದ ಕಿಮ್ಚಿಗೂ ಇದೇ ಜಗಳ. ನನ್ನ ಸುತ್ತ ಕುಣಿದ ಅದೇ ಮ್ಯಾನೇಜರ್ ಒಂದು ವಾರ ಊಟದ ಹೊತ್ತಿಗೆ ಬೇರೆ ಮಾತೇ ಆಡಲಿಲ್ಲ. ನನಗೆ ಒಂದು ಸಲ ಬಾಯಿಗೆ ಬಂದಿತ್ತು, ‘ಸರ್, ಕರಿ ಹಾಡು’ ಅಂತ. ನುಂಗಿದೆ.

ಅನಘಾ: ದೊಡ್ಡಪ್ಪ, ನನಗೆ ಇನ್ನೊಂದು ಸಿಟ್ಟಿದೆ. ಗಣಪನ ಗಲಾಟೆ ಆದ 2020ರಲ್ಲೇ, ಅಕ್ಟೋಬರಲ್ಲಿ ‘ಲವ್‌ಸಿಕ್ ಗರ್ಲ್ಸ್’ ಅನ್ನೋ ಹಾಡಲ್ಲಿ ಅದೇ ತಂಡದ ಜೆನ್ನಿ ನರ್ಸ್ ವೇಷ ಹಾಕಿದ್ದಳು. ಬಿಗಿ ಬಟ್ಟೆ, ಹೈ ಹೀಲ್ಸ್. ಅಲ್ಲಿಯ ಆರೋಗ್ಯ ಕಾರ್ಮಿಕರ ಯೂನಿಯನ್ ‘ಕೊರೋನಾ ಟೈಮಲ್ಲಿ ನಮ್ಮನ್ನ ಹೀಗಾ ತೋರಿಸೋದು’ ಅಂತ ತಿರುಗಿಬಿತ್ತು. ವೈಜಿ ಕಂಪನಿ ಹೇಳಿಕೆ ಕೊಟ್ಟು ಆ ದೃಶ್ಯ ತೆಗೀತು. ಗಣಪನಿಗೆ? ನಮಗೆ ಒಂದು ಮಾತಿಲ್ಲ ಕತೆಯಿಲ್ಲ. ರಾತ್ರಿ ಇದ್ದ, ಬೆಳಿಗ್ಗೆ ಇಲ್ಲ. ನಾವು ಬರೆದಿದ್ದನ್ನ ಓದಿದ್ರು ಅಂತಲಾದ್ರೂ ಗೊತ್ತಾಗೋದು ಬೇಡ್ವಾ? ಉಳಿದ ದೇಶದ ಫ್ಯಾನ್ಸ್ ಆಮೇಲೆ ನಮಗೇ ಅಂತಿದ್ರು, ‘ಎಲ್ಲಿದೆ ಮೂರ್ತಿ, ಸುಳ್ಳು ಹೇಳ್ತೀರಾ’ ಅಂತ.

ವೆಂಕಟೇಶ (ಧಾರವಾಡ): ಯೂನಿಯನ್ ಬಾಗಿಲಿಗೆ ಬರ್ತದ. ಮೈಸೂರಿನ ಎಂಟನೇ ಇಯತ್ತೆ ಹುಡುಗಿ ಬರೂದಿಲ್ಲ. ಇಷ್ಟ ಲೆಕ್ಕ.

ಅನಘಾ: ಮಾಮಮೂ ಅನ್ನೋ ತಂಡ 2017ರಲ್ಲಿ ಕಾನ್ಸರ್ಟಿಗೆ ಅಂತ ಒಂದು ವಿಡಿಯೊ ಮಾಡಿತ್ತು. ಬ್ರೂನೊ ಮಾರ್ಸ್ ಅಣಕ, ಮುಖಕ್ಕೆ ಕಪ್ಪು ಬಳ್ಕೊಂಡು. ಅವರು ಮಾತ್ರ ನೇರವಾಗಿ ಒಪ್ಕೊಂಡ್ರು, ನಮಗೆ ಇದರ ಅರ್ಥ ಗೊತ್ತೇ ಇರಲಿಲ್ಲ, ಅಜ್ಞಾನ ಅಂತ. ನನಗೆ ಅದು ಇಷ್ಟ ಆಯ್ತು.

ಪ್ರಶಾಂತ (ಸುವಾನ್): ಒಪ್ಪಿಕೊಂಡೋರೂ ಇದ್ದಾರೆ, ಒಪ್ಪದೋರೂ ಇದ್ದಾರೆ. 2020ರ ಆಗಸ್ಟಲ್ಲಿ ಇಲ್ಲಿ ಒಂದು ಹೈಸ್ಕೂಲ್ ಹುಡುಗರು ಘಾನಾದ ಶವಪೆಟ್ಟಿಗೆ ಕುಣಿತದವರ ವೇಷ ಹಾಕಿ ಮುಖಕ್ಕೆ ಮಸಿ ಬಳ್ಕೊಂಡಿದ್ರು. ಟಿವಿಯಲ್ಲಿ ಹೆಸರು ಮಾಡಿದ್ದ ಸ್ಯಾಮ್ ಒಕಿಯೆರೆ, ಅವನು ಘಾನಾದವನೇ, ‘ಹೀಗೆ ಮಾಡಬೇಡಿ’ ಅಂತ ಬರೆದ. ಕೊನೆಗೆ ಕ್ಷಮೆ ಕೇಳಬೇಕಾಗಿ ಬಂದಿದ್ದು ಅವನೇ.

ಶ್ರೀಧರ ಭಾವ: ಛೆ. ಮುಖಕ್ಕೆ ಮಸಿ ಬಳಿದುಕೊಂಡು ಇನ್ನೊಬ್ಬರ ಬಣ್ಣ ಆಡಿಕೊಳ್ಳೋದು! ನಮ್ಮಲ್ಲಿ ಇಂಥದ್ದು ಯೋಚನೆ ಮಾಡೋಕೂ ಆಗಲ್ಲ.

ಸುಮಾ ಅತ್ತಿಗೆ: (ಫೋಟೊ)

(ಫೋಟೊದಲ್ಲಿ ಏನಿತ್ತು ಅಂತ ಹೇಳಲೇಬೇಕು. ಅನಘಾ ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ಅಪಾರ್ಟ್‌ಮೆಂಟಿನ ಗಣೇಶೋತ್ಸವ. ಎಂಟು ಮಕ್ಕಳು, ಸೊಂಟಕ್ಕೆ ಮಾವಿನೆಲೆ, ಕೈಯಲ್ಲಿ ಥರ್ಮಕೋಲಿನ ಈಟಿ, ಮೈಪೂರ್ತಿ ಕಪ್ಪು, ತುಟಿಗೆ ಬಿಳಿ. ‘ಕಾಡುಜನರ ನೃತ್ಯ’ ಅಂತ ಮೈಕಿನಲ್ಲಿ ಕೂಗಿದ್ದರು. ಮೊದಲ ಬಹುಮಾನ, ಸ್ಟೀಲ್ ಡಬ್ಬಿ. ಹಿಂದೆ ಎತ್ತರದ ಪೀಠದ ಮೇಲೆ ಗಣಪ. ಬಹುಮಾನ ಕೊಡುತ್ತಿರುವವರು ಶ್ರೀಧರ ಭಾವ.)

ಸುಮಾ ಅತ್ತಿಗೆ: ಯಾರನ್ನೂ ಚುಚ್ಚೋಕಲ್ಲ ಅಣ್ಣ. ಆ ಡ್ಯಾನ್ಸ್ ಕಲಿಸಿದ್ದು ನಾನು.

ನಾನು ಅಲ್ಲಿಯವರೆಗೆ ಒಂದಕ್ಷರ ಟೈಪ್ ಮಾಡಿರಲಿಲ್ಲ. ಆಗ ಮಾಡಿದೆ:

ನಾನು: ಕಪ್ಪು ಬಳಿದಿದ್ದು ನಾನು. ಕಾಡಿಗೆಗೆ ಕೊಬ್ಬರಿ ಎಣ್ಣೆ ಸೇರಿಸಿ. ಎರಡು ದಿನ ಹೋಗಿರಲಿಲ್ಲ, ಕಿವಿ ಹಿಂದೆ ಉಳಿದಿತ್ತು.

ಅನಘಾ: ಅಮ್ಮಾ. ನನಗೆ ನೆನಪಿದೆ. ನನಗೆ ಖುಷಿಯಾಗಿತ್ತು ಅನ್ನೋದೂ ನೆನಪಿದೆ.

ಶ್ರೀಧರ ಭಾವ: ಅದು ಮಕ್ಕಳ ಆಟ. ಅದರಲ್ಲಿ ಯಾರನ್ನ ಆಡಿಕೊಂಡ ಹಾಗಾಯ್ತು? ಆಫ್ರಿಕಾದವರು ಯಾರಿದ್ದರು ಅಲ್ಲಿ?

ವೆಂಕಟೇಶ (ಧಾರವಾಡ): ಆಫ್ರಿಕಾ ತನಕ ಯಾಕ ಹೋಗ್ತೀರಿ. ನಾನು ಹಳಿಯಾಳದ ಬ್ಯಾಂಕಿನ್ಯಾಗ ಆರು ವರ್ಷ ಇದ್ದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಈ ಕಡೆ ಸಿದ್ದಿ ಜನ ಅದಾರ. ಶತಮಾನಗಳ ಹಿಂದ ಅವರ ಪೂರ್ವಜರನ್ನ ಆಫ್ರಿಕಾದಿಂದ ತಂದದ್ದು, ಬಹಳ ಮಂದಿನ ಗುಲಾಮರಾಗಿ. ನಮ್ಮ ಬ್ರಾಂಚಿನ್ಯಾಗ ಒಬ್ಬ ಹುಡುಗ ಇದ್ದ, ನನಕಿಂತ ಚಂದ ಕನ್ನಡಾ. ಮನ್ಯಾಗ ಕೊಂಕಣಿ. ತರಬೇತಿಗೆ ಬೆಂಗಳೂರಿಗೆ ಹೋಗಿ ಬಂದ. ಹೆಂಗಿತ್ತಪಾ ಅಂದ್ರ, ‘ಸರ್, ಐದು ದಿನದಾಗ ಒಂಬತ್ತು ಮಂದಿ ಯಾವ ದೇಶ ಅಂತ ಕೇಳಿದ್ರು, ಒಬ್ಬಾಂವ ಝಿಂಗಾಲಾಲಾ ಅಂದ’ ಅಂದ. ನಗತಾನ ಹೇಳಿದ. ಪ್ರಶಾಂತ ಕತ್ತು ಆಡಿಸಿದ ಅಂದನಲ್ಲ, ಹಂಗ.

(ಇದಾದ ಮೇಲೆ ನಲವತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಮೇಲೆ ಮಾತ್ರ ‘ಶ್ರೀಧರ ಭಾವ ಟೈಪ್ ಮಾಡುತ್ತಿದ್ದಾರೆ’ ಅಂತ ಬರುತ್ತಿತ್ತು, ಹೋಗುತ್ತಿತ್ತು.)

ಅತ್ತೆ: (ಧ್ವನಿ ಸಂದೇಶ, 21 ಸೆಕೆಂಡು) ಏನ್ರೋ ಅದು ಬೆಳಿಗ್ಗೆಯಿಂದ ಟಿಂಗ್ ಟಿಂಗ್ ಅಂತ... ಗಣಪತೀನ ಯಾರು ಕೆಳಗಿಟ್ಟರಂತೆ? ಎತ್ತಿ ಮೇಲಿಡಕ್ಕೆ ಹೇಳಿ. ಪ್ರಶಾಂತೂ, ಊಟ ಆಯ್ತೇನೋ ಕಂದಾ...

ಪ್ರಶಾಂತ (ಸುವಾನ್): ಆಯ್ತಜ್ಜಿ. ರಸಂ ಮಾಡಿದ್ದೆ.

ಶ್ರೀಧರ ಭಾವ: ಈ ಸಂದೇಶವನ್ನು ಅಳಿಸಲಾಗಿದೆ

(ಅಳಿಸಿದ್ದು ಬೆಳಗಿನ ಆ ಫಾರ್ವರ್ಡ್.)

ಅನಘಾ: ದೊಡ್ಡಪ್ಪಾ! ನೀವೂ ವೈಜಿ ಕಂಪನಿ ಥರಾನೇ ಮಾಡಿಬಿಟ್ರಲ್ಲ!

ಶ್ರೀಧರ ಭಾವ: ಯಾಕಮ್ಮ, ತೆಗೆದಿದ್ದು ತಪ್ಪೇ?

ಅನಘಾ: ತೆಗೆದಿದ್ದು ತಪ್ಪಲ್ಲ. ಏನೂ ಹೇಳದೆ ತೆಗೆದ್ರಿ.

ಶ್ರೀಧರ ಭಾವ: ಸರಿ ಬರೀತೀನಿ. ಅದು ಹಳೆಯ ಫೋಟೊ, ಮೂರ್ತಿಯನ್ನು ಆಗಲೇ ತೆಗೆದಿದ್ದಾರೆ, ತೆಗೆಸಿದವರು ನಮ್ಮ ಅನಘಾ ಥರದ ಹುಡುಗಿಯರು. ನಾನು ನೋಡದೆ ಕಳಿಸಿದೆ. ಸಾಕೇ?

ಅನಘಾ: ಸಾಕು ದೊಡ್ಡಪ್ಪ.

ಶ್ರೀಧರ ಭಾವ: ಒಂದು ತೊಂದರೆ ಇದೆ. ವಾಕಿಂಗ್ ಗೆಳೆಯರ ಗುಂಪಿಗೂ, ಪಿಂಚಣಿದಾರರ ಗುಂಪಿಗೂ ಹೋದ ವಾರವೇ ಕಳಿಸಿಬಿಟ್ಟಿದ್ದೆ. ಅಲ್ಲಿ ‘ಎಲ್ಲರಿಗೂ ಅಳಿಸಿ’ ಅನ್ನೋದು ಬರ್ತಾನೇ ಇಲ್ಲ. ಹೇಗೆ ಮಾಡೋದು?

ಅನಘಾ: ಅಲ್ಲಿ ಬರೆದೇ ಹೇಳಬೇಕು.

ಶ್ರೀಧರ ಭಾವ: ಇನ್ನೂರ ಹತ್ತು ಜನ ಇದ್ದಾರಮ್ಮ ಅಲ್ಲಿ.

ವೆಂಕಟೇಶ (ಧಾರವಾಡ): ನಾ ಬರದು ಕೊಡ್ಲೇನ್ರಿ?

ಶ್ರೀಧರ ಭಾವ: ಬೇಡ, ನಿಮ್ಮ ಕನ್ನಡದಲ್ಲಿ ಕಳಿಸಿದರೆ ನಾನಲ್ಲ ಅಂತ ಗೊತ್ತಾಗುತ್ತೆ. ನಾನೇ ಬರೀತೀನಿ. ಸ್ವಲ್ಪ ಕಾಫಿ ಕುಡಿದು.